ಗೊಬ್ಬರದ ಮೆಷಿನ್ನಿಗೆ ಶುಕ್ರವಾರದ ಪೂಜೆ

ನಾನು ಬಹಳ ಗಂಭೀರವಾದ ಕೆಲಸ ಮಾಡುವವಳು. ಆದರೂ ನನ್ನ ಮೆಷಿನ್ನು ಹೋದ ಕಡೆಯೆಲ್ಲ ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ. ನಗುವವರ ಗುಂಪಿನಲ್ಲಿ ನಾನು ಮಾತ್ರ ಇರುವುದಿಲ್ಲ.

ಊರೂರಿನ ಫಿಲ್ಟರ್ ನೀರಿನ ಘಟಕಗಳಲ್ಲಿ ಒಳ್ಳೆಯ ನೀರು ಕ್ಯಾನಿಗೆ ಹೋಗುತ್ತದೆ, ಉಳಿದ ಕೆಟ್ಟ ನೀರು ಮೋರಿಗೆ. ಬೋರ್‌ವೆಲ್ಲಿನ ನೈಟ್ರೇಟೆಲ್ಲ ಆ ಕೆಟ್ಟ ನೀರಿನಲ್ಲೇ ಇರುತ್ತದೆ. ಅದಕ್ಕೆ ಕರೆಂಟು ಹಾಯಿಸಿ ಅಮೋನಿಯಾ ಮಾಡಿ, ಅದನ್ನು ಆಸಿಡ್ಡಿನಲ್ಲಿ ಹಿಡಿದಿಟ್ಟರೆ ಪೈರಿಗೆ ಹಾಕುವ ಗೊಬ್ಬರ. ಇಷ್ಟನ್ನೂ ಮಾಡುವ ಬೀರು ಗಾತ್ರದ ಮೆಷಿನ್ನೊಂದಿದೆ. ಅದರ ಹಿಂದೆ ತುಮಕೂರಿನಿಂದ ಅಲೆಯುವವಳು ನಾನು.

ಬಸ್ಸಿನಲ್ಲಿ

ಪರೀಕ್ಷೆಗೆಂದು ಅಮೃತೂರಿನಿಂದ ಒಂದು ಕ್ಯಾನ್ ಕೆಟ್ಟ ನೀರು ತರುತ್ತಿದ್ದೆ. ಪ್ರೈವೇಟ್ ಬಸ್ಸಿನ ಕಂಡಕ್ಟರು ಇದೇನೆಂದು ಕೇಳಿದ. ಕುಡಿಯೋಕೆ ಆಗದ ನೀರು ಅಂದೆ. ಚೆಲ್ಲೋಕಾ ಅಂದ. ಇಲ್ಲ, ಜೋಪಾನವಾಗಿ ತುಮಕೂರಿಗೆ ಒಯ್ಯೋಕೆ ಅಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹಿಂದಿನ ಸೀಟಿನ ಯಜಮಾನರೊಬ್ಬರಿಗೆ ನನ್ನ ಮೇಲೆ ನಿಜವಾಗಿಯೂ ಕರುಣೆ ಬಂತು. "ಅಷ್ಟು ದೂರದಿಂದ ಯಾಕವ್ವ ಹೊರ್ತೀಯ? ನಮ್ಮ ಕೊತ್ತಗೆರೆಗೆ ಬಾ, ಇದಕ್ಕಿಂತ ಕೆಟ್ಟದ್ದು ಕೊಡ್ತೀನಿ" ಅಂದರು.

ಬಾಟಲಿ

ಚೇಳೂರಿನ ಹತ್ತಿರದ ಒಂದು ಹಳ್ಳಿಯ ನೀರಿನ ಘಟಕದಲ್ಲಿ ಮೆಷಿನ್ನು ಕೂತಿತು. ಮೂರು ದಿನ ಗುರ್ರೆಂದ ಮೇಲೆ ಅರ್ಧ ಬಾಟಲಿ ಗೊಬ್ಬರದ ನೀರು ಬಂತು. ಮೋರಿ ಪಾಲಾಗುತ್ತಿದ್ದುದನ್ನು ಉಳಿಸಿದ್ದೇನಲ್ಲ ಎಂಬ ಹೆಮ್ಮೆಯಲ್ಲಿ ಅದನ್ನು ಊರಿನ ಪಂಚಾಯ್ತಿ ಮೆಂಬರಿಗೆ ತೋರಿಸಿದೆ. ಅವರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ತಮ್ಮ ತೆಂಗಿನ ತೋಟದ ಕಡೆಗೊಮ್ಮೆ ನೋಡಿದರು.

"ಯಾವ ಮರಕ್ಕೆ ಅಂತ ನೀವೇ ಹೇಳ್ಬುಡಿ ಮೇಡಂ" ಅಂದರು. "ಮಿಕ್ಕ ಮರಗಳು ಬೇಜಾರು ಮಾಡ್ಕೊಬಾರ್ದು."

ಶುಕ್ರವಾರ

ಆಮೇಲೆ ವಾಸನೆ ಶುರುವಾಯಿತು. ಅಮೋನಿಯಾ ಎಲ್ಲೋ ಸೋರುತ್ತಿತ್ತು. ನೀರು ಹಿಡಿಯಲು ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಶನಿವಾರದೊಳಗೆ ವಾಸನೆ ನಿಲ್ಲದಿದ್ದರೆ ಮೆಷಿನ್ನು ಎತ್ತಿಕೊಂಡು ಹೋಗಿ ಅಂದರು ಮೆಂಬರು. ಮೆಷಿನ್ನು ಎತ್ತಿದರೆ ನನ್ನ ಕೆಲಸವೂ ಎತ್ತಿದಂತೆಯೇ. ಭಯವಾಯಿತು. ವಿದೇಶದಿಂದ ತರಿಸಿದ ಗ್ಯಾಸ್ ಮೀಟರನ್ನು ಪೈಪಿನ ಜಾಯಿಂಟುಗಳ ಹತ್ತಿರ ಹಿಡಿದು ನಾಲ್ಕು ದಿನ ಹುಡುಕಿದೆ. ಅದು ಘಟಕದ ಬಾಗಿಲಲ್ಲೇ ಕೂಗಲು ಶುರುಮಾಡಿ ಕೊನೆಯವರೆಗೂ ಒಂದೇ ಸಮ ಕೂಗುತ್ತಿತ್ತು. ಎಲ್ಲಿ ಸೋರುತ್ತಿದೆ ಅಂತ ಮಾತ್ರ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೋದರೆ ಘಟಕದ ಮುಂದೆ ಜನವೋ ಜನ. ನೀರು ಬಿಡುವ ಅಣ್ಣ ಭಕ್ತಿವಂತ. ವಾರವಾರವೂ ಮೋಟರಿಗೆ ಮಾಡುವ ಹಾಗೆ ಈ ಸಲ ನನ್ನ ಮೆಷಿನ್ನನ್ನೂ ಒರೆಸಿ, ಪ್ರತಿ ಜಾಯಿಂಟಿಗೂ ಅರಿಶಿನ ಕಲಸಿ ಹಚ್ಚಿದ್ದ. ಎಲ್ಲವೂ ಹಳದಿಯಾಗಿದ್ದವು, ಮೂರನೆಯದು ಮಾತ್ರ ಕೆಂಪು.

"ನಾನು ಅರಿಶಿನ ಅಷ್ಟೇ ಹಚ್ಚಿದ್ದು ಮೇಡಂ" ಅಂದ. "ಕುಂಕುಮ ಅದೇ ಇಟ್ಕೊಂಡೈತೆ."

ಹೆಂಗಸರು ಕ್ಯಾನು ಕೆಳಗಿಟ್ಟು ಕೈ ಮುಗಿದರು. ಯಾರೋ ತೆಂಗಿನಕಾಯಿ ತರಲು ಓಡಿದರು. ದಿನಾ ಒಂದೇ ಬಿಂದಿಗೆ ನೀರಿಗೆ ಬರುವ ಅಜ್ಜಿಯೊಬ್ಬರು ಮಾತ್ರ ಕೈ ಮುಗಿಯಲಿಲ್ಲ. ನನ್ನನ್ನೇ ನೋಡಿದರು.

"ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವೇನವ್ವ? ಆರತಿ ನೀರು ಕಲಸಿಲ್ವಾ ನೀನು? ಅಂಥದ್ದೇ ಏನೋ ಅಲ್ಲಿಂದ ಹೊರಗೆ ಬರ್ತೈತೆ, ನೋಡು."

ನಾನು ಕೆಮಿಸ್ಟ್ರಿ ಎಂಎಸ್ಸಿ. ಸುಣ್ಣದ ಹಾಗೆ ಅಮೋನಿಯಾವೂ ಅರಿಶಿನವನ್ನು ಕೆಂಪಾಗಿಸುತ್ತದೆ ಎಂದು ಒಂದು ಕಾಲದಲ್ಲಿ ಟ್ಯೂಷನ್ ಮಕ್ಕಳಿಗೆ ಪಾಠ ಹೇಳಿದವಳು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಮಾಸ್ಕು ಹಾಕಿಕೊಂಡು, ಸ್ಪ್ಯಾನರ್ ತೆಗೆದು, ಮೂರನೇ ಜಾಯಿಂಟಿನ ನಟ್ಟು ಬಿಗಿ ಮಾಡಿ, ಒರೆಸಿ, ಹೊಸದಾಗಿ ಅರಿಶಿನ ಹಚ್ಚಿದೆ. ಅದು ಹಳದಿಯಾಗಿಯೇ ಉಳಿಯಿತು. ಜನರ ಮುಖ ಸಪ್ಪಗಾಯಿತು. ಬಂದ ದೇವರನ್ನು ಸ್ಪ್ಯಾನರ್ ಹಾಕಿ ಕಳಿಸಿಬಿಟ್ಟಳು ಎಂದು ಯಾರೋ ಗೊಣಗಿದರು.

ಅಷ್ಟರಲ್ಲಿ ಮೆಂಬರು ಬಂದರು. ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟಿದ್ದರು. ವಾಸನೆ ನಿಂತಿದೆ ಸಾರ್, ದಯವಿಟ್ಟು ನೋಡಿ ಅಂದೆ. ಅವರು ಎರಡು ಸಲ ಉಸಿರೆಳೆದು ನೋಡಿ, ಹೌದು, ಮೆಷಿನ್ನು ಇಲ್ಲೇ ಇರಲಿ ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಅವರು ಹೊರಡಲಿಲ್ಲ. ಹಳದಿ ಜಾಯಿಂಟನ್ನು ಸ್ವಲ್ಪ ಹೊತ್ತು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ನಮ್ಮನೆಯೋರು ಪೂಜೆಗೆ ಅಂತ ತಲೆಗೆ ಸ್ನಾನ ಮಾಡ್ಕೊಂಡು ಹೊರಟವ್ರೆ ಮೇಡಂ. ಆ ನಟ್ಟು ಒಂಚೂರು ಸಡಿಲ ಮಾಡ್ತೀರಾ?"