ಗುಮ್ಮನ ನಂಬರು

ಒಂದು ಹಿಡಿ ಅರಳೆಯನ್ನು ಉಂಡೆ ಮಾಡಿ ದವಡೆಗೆ ತುರುಕಿಕೊಂಡು ಮಾತಾಡಿದರೆ ಎಂಥ ಸಾಧು ಗಂಡಸಿನ ದನಿಯೂ ಹಾಳುಬಾವಿಯ ತಳದಿಂದ ಬಂದಂತೆ ಕೇಳುತ್ತದೆ. ಇದನ್ನು ಕಂಡುಹಿಡಿದವನು ತ್ಯಾವಣಿಗೆಯ ಗಾದಿ ಜಮಾಲ್. ಕಂಡುಹಿಡಿದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅವನು ಅದನ್ನು ಸ್ವಂತ ಮಗಳ ಮೇಲೆ ಪ್ರಯೋಗಿಸಿದ.

ಜಮಾಲ್ ಹತ್ತಿ ಹಿಂಜಿ ಗಾದಿ ಹೊಲಿಯುವವನು. ತಲೆ, ಮೀಸೆ, ಹುಬ್ಬಿನ ಮೇಲೆಲ್ಲ ಅರಳೆಯ ಎಳೆ ಕೂತು, ಇನ್ನೂ ನಲವತ್ತಾಗದಿದ್ದರೂ ಮುದುಕನಂತೆ ಕಾಣುತ್ತಿದ್ದ. ಹೆಂಡತಿ ನಿಲೋಫರ್, ಎರಡನೇ ಕ್ಲಾಸಿನ ಮಗಳು ಆಯಿಷಾ, ಇಷ್ಟೇ ಸಂಸಾರ. ಚಿಂತೆಯೂ ಒಂದೇ. ಮಗಳು ಮಾತು ಬಿಟ್ಟಿದ್ದಳು. ನಾಲಿಗೆಯಲ್ಲಿ ದೋಷವಿರಲಿಲ್ಲ, ದೋಷವೆಲ್ಲ ನಿಲೋಫರಳ ಹಳೆಯ ಫೋನಿನಲ್ಲಿತ್ತು. ಶಾಲೆಯಿಂದ ಬಂದವಳು ಬಾಗಿಲ ಹಿಂದಿನ ಮೂಲೆಯಲ್ಲಿ ಅದನ್ನು ಹಿಡಿದು ಕೂತಳೆಂದರೆ, ಊಟ ಮಾಡ್ತೀಯಾ ಅಂದರೂ ತಲೆಯಾಡಿಸುವಳು, ಬೇಡವಾ ಅಂದರೂ ತಲೆಯಾಡಿಸುವಳು. ಜಮಾಲನಿಗೆ ಸಂಕಟವಾಗುತ್ತಿತ್ತು. ಹಾಗೆಂದು ಅವನೇನೂ ದೊಡ್ಡ ಮಾತುಗಾರನಲ್ಲ. ಮಗಳು ಅಪರೂಪಕ್ಕೆ ಬಾಯಿ ತೆರೆದಾಗ ಹೂಂ ಹೂಂ ಎನ್ನುತ್ತಲೇ ಹಿಂಜುವ ಯಂತ್ರದ ಗುಂಡಿ ಒತ್ತುತ್ತಿದ್ದ. ಆ ಯಂತ್ರ ಶುರುವಾದರೆ ಪಕ್ಕದಲ್ಲಿ ಗುಡುಗಿದರೂ ಕೇಳುವುದಿಲ್ಲ.

ಶಾಲೆಯ ಮೇಷ್ಟ್ರು ರವಿಕುಮಾರ್ ಪೋಷಕರ ಸಭೆ ಕರೆದು, "ಮಕ್ಕಳ ಜೊತೆ ದಿನಾ ಸ್ವಲ್ಪ ಹೊತ್ತು ಮಾತಾಡ್ರಿ. ಅವರ ಮನಸ್ಸಿನಾಗೆ ಏನೈತೆ ಕೇಳ್ರಿ" ಎಂದಿದ್ದರು. ಸಭೆಯಲ್ಲಿದ್ದವರೆಲ್ಲ ಒಪ್ಪಿ ತಲೆಯಾಡಿಸಿದರು. ಆಮೇಲೆ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ನೋಡಿಕೊಂಡರು.

ಎದುರುಮನೆಯ ಸಿದ್ದಲಿಂಗಮ್ಮನಿಗೆ ಈ ಉಪದೇಶ ಹಿಡಿಸಲಿಲ್ಲ. ಬೀದಿಯ ಮಕ್ಕಳನ್ನೆಲ್ಲ ತಾನೇ ಬೆಳೆಸಿದ್ದೇನೆಂಬ ಗತ್ತು ಆಕೆಯದು.

"ಮಾತಾಡಿದ್ರೆ ಹುಡುಗ್ರು ಕೇಳ್ತಾವೇನಪ್ಪಾ ಜಮಾಲ? ನಮ್ ಕಾಲದಾಗೆ ಗುಮ್ಮ ಬಂದ ಅಂದ್ರೆ ಸಾಕಿತ್ತು, ಸೆರಗಿನಾಗೆ ಅಡಗ್ತಿದ್ವು. ಒಂದ್ಸಲ ಚೆನ್ನಾಗಿ ಹೆದರ್ಸು. ಮತ್ತೆ ಆ ಫೋನು ಮುಟ್ಟಿದ್ರೆ ಕೇಳು."

ಜಮಾಲ್ ಯೋಚಿಸಿದ. ಹಿಂದಿನ ಗುಮ್ಮ ಅಟ್ಟದ ಮೇಲೆ, ಕತ್ತಲೆ ಕೋಣೆಯಲ್ಲಿ ಇರುತ್ತಿದ್ದ. ಈಗ ಅಟ್ಟಕ್ಕೂ ಬಲ್ಬು ಬಂದಿದೆ. ಗುಮ್ಮ ಇರಬೇಕಾದರೆ ಮಕ್ಕಳಿರುವಲ್ಲೇ, ಅಂದರೆ ಫೋನಿನಲ್ಲೇ ಇರಬೇಕು. ತನ್ನ ಫೋನಿಗೆ ಇನ್ನೊಂದು ಸಿಮ್ ಹಾಕಿದ. ಹೆಂಡತಿಯ ಹಳೇ ಫೋನಿನಲ್ಲಿ ಆ ನಂಬರನ್ನು 'ಗುಮ್ಮ' ಎಂದು ಸೇವ್ ಮಾಡಿದ. ಅರಳೆ ಕೋಣೆಯ ಬಾಗಿಲು ಹಾಕಿಕೊಂಡು, ದವಡೆ ತುಂಬಿಸಿಕೊಂಡು, ಪಕ್ಕದಲ್ಲೇ ಇದ್ದ ತನ್ನ ಮನೆಗೆ ಫೋನು ಹಚ್ಚಿದ.

"ನಾನು ಗುಮ್ಮ. ಫೋನು ಕೆಳಗೆ ಇಡು."

ಚೀರಾಟ ಕೇಳುತ್ತದೆಂದು ಕಾದ. 

"ಗುಮ್ಮಾ, ಊಟ ಆತಾ?" ಎಂದಳು ಆಯಿಷಾ.

"ಇನ್ನೂ ಇಲ್ಲ" ಎಂದುಬಿಟ್ಟ ಜಮಾಲ್.

"ನಮ್ಮನ್ಯಾಗೂ ಇಲ್ಲ. ಅಪ್ಪ ಬರ್ಬೇಕು."

ಶುರುವಾದದ್ದು ಹಾಗೆ. ಮುಂದಿನ ಒಂದು ವಾರ ಆಯಿಷಾ ಗುಮ್ಮನಿಗೆ ಹೇಳದ ಸಂಗತಿಯಿಲ್ಲ. ಹಲ್ಲು ಅಲ್ಲಾಡುತ್ತಿದೆ, ಕೀಳಲು ಭಯ. ಕೂದಲಲ್ಲಿ ಅರಳೆ ಇರುತ್ತದೆಂದು ಕ್ಲಾಸಿನಲ್ಲಿ ಎಲ್ಲರೂ ಮುದುಕಿ ಎನ್ನುತ್ತಾರೆ. ಬಿಸಿಯೂಟಕ್ಕೆ ಯಾರೂ ಪಕ್ಕ ಕೂರುವುದಿಲ್ಲ. ಫೋನಿನಲ್ಲಾದರೆ ಯಾರೂ ಎದ್ದು ಹೋಗುವುದಿಲ್ಲ. ಅರಳೆ ಕೋಣೆಯಲ್ಲಿ ಗುಮ್ಮ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಗಳಗಳ ಅತ್ತ. ರಾತ್ರಿ ಊಟಕ್ಕೆ ಕೂತು ಬರೀ ಬಾಯಲ್ಲಿ "ಶಾಲೆ ಹೆಂಗಾತವ್ವಾ?" ಎಂದು ಕೇಳಿದರೆ ಮಗಳು ತಲೆಯಾಡಿಸುತ್ತಿದ್ದಳು, ಅಷ್ಟೇ. ಅವನು ಮಾರನೆಯ ದಿನ ಮತ್ತೆ ಹತ್ತಿಗೆ ಮರಳುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಆಯಿಷಾ ಒಂದು ಪ್ರಶ್ನೆ ಕೇಳಿದಳು.

"ಗುಮ್ಮಾ, ನೀನು ನನ್ ಒಬ್ಬಳ ಮಾತೇ ಕೇಳ್ತೀಯಾ, ಎಲ್ಲಾರ್ದೂ ಕೇಳ್ತೀಯಾ?"

ಸೂಳೆಕೆರೆಯ ಆಚೆ ಗಾದಿ ಮುಟ್ಟಿಸಲು ಹೊತ್ತಾಗಿತ್ತು. "ಎಲ್ಲಾರ್ದೂ ಕೇಳ್ತೀನಿ" ಎಂದ ಜಮಾಲ್.

"ಹಂಗಾರೆ ಸರಿ" ಎಂದು ಅವಳೇ ಫೋನಿಟ್ಟಳು. ಅವಳಾಗಿ ಮಾತು ನಿಲ್ಲಿಸಿದ್ದು ಅದೇ ಮೊದಲು. ಗುಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಗಾದಿ ಸುತ್ತಿ, ಹಗ್ಗ ಬಿಗಿದು, ಟಿವಿಎಸ್ ಗಾಡಿಯ ಹಿಂದೆ ಕಟ್ಟಿಕೊಂಡು ಹೊರಟ. ಸೂಳೆಕೆರೆ ಏರಿಯ ಮೇಲೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಏರಿಯ ಉದ್ದಕ್ಕೂ ಒಂದು ನರಪಿಳ್ಳೆ ಇಲ್ಲ. ನೀರು ಅಲ್ಲಾಡದೆ ಬಿದ್ದುಕೊಂಡಿತ್ತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಾಡಿ ನಿಲ್ಲಿಸಿ ನೋಡಿದರೆ ಗುಮ್ಮನ ಸಿಮ್ಮಿಗೆ ಕರೆ, ನಂಬರು ಮನೆಯದಲ್ಲ. ಗುಮ್ಮನ ನಂಬರನ್ನು ಅವನು ಹೊರಗಿನ ಯಾರಿಗೂ ಕೊಟ್ಟಿರಲಿಲ್ಲ.

"ಹಲೋ" ಎಂದ, ಬರೀ ಬಾಯಲ್ಲಿ.

ಪಿಸುದನಿ. ಮಗುವಿನದು, ಆದರೆ ಆಯಿಷಾಳದಲ್ಲ. "ಗುಮ್ಮಾ?"

"ಯಾರವ್ವಾ ನೀನು?"

"ನೀನು ಗುಮ್ಮ ಅಲ್ಲ. ಗುಮ್ಮಂಗೆ ಕೊಡು."

"ಗುಮ್ಮ ಇಲ್ಲಿಲ್ಲ."

"ಅದಾನೆ. ನಿನ್ ಹಿಂದೇನೇ ಅದಾನೆ. ಉಸಿರಾಡೋದು ಕೇಳ್ತೈತೆ."

ಕರೆ ಕಡಿಯಿತು. ಜಮಾಲ್ ಮೆಲ್ಲಗೆ ತಿರುಗಿ ನೋಡಿದ. ಹಿಂದೆ ಸುತ್ತಿಟ್ಟ ಗಾದಿ, ಅದರಾಚೆ ಕೆರೆ. ಗಾದಿಯನ್ನು ಬೆರಳಿನಿಂದ ಒತ್ತಿ ನೋಡಿದ. ತನ್ನ ಕೈಯಾರೆ ಹೊಲಿದ ಗಾದಿಗೆ ಅವನು ಹೆದರಿದ್ದು ಅದೇ ಮೊದಲು. ಗಾಡಿಯನ್ನು ಅದು ಓಡುವುದಕ್ಕಿಂತ ಜೋರಾಗಿ ಓಡಿಸಿದ.

ಗಾದಿ ಹೊಲಿಯಲು ಹೇಳಿದ್ದ ಮಲ್ಲಿಕಾರ್ಜುನಪ್ಪನವರ ಜಗಲಿಯ ಮೇಲೆ ಹಗ್ಗ ಬಿಚ್ಚುವ ಹೊತ್ತಿಗೆ ಮತ್ತೆ ಫೋನು ಬಂತು, ಮತ್ತೊಂದು ನಂಬರಿನಿಂದ. ಬಿಟ್ಟುಬಿಡಬಹುದಿತ್ತು. ಆದರೆ ಆ ಕಡೆ ಯಾವುದೋ ಮಗು ಕಾಯುತ್ತಿದೆ ಅನ್ನಿಸಿದ ಮೇಲೆ ಬಿಡಲು ಅವನಿಂದಾಗಲಿಲ್ಲ. ಸುತ್ತ ನೋಡಿದ, ಜೇಬಿನಲ್ಲಿ ಅರಳೆಯಿಲ್ಲ. ಹೊಸ ಗಾದಿಯ ಮೂಲೆಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಒಂದು ಹಿಡಿ ಎಳೆದು, ಬಾಯಿಗೆ ತುರುಕಿಕೊಂಡು, "ಹೂಂ, ಹೇಳು" ಎಂದು ಗುಮ್ಮನ ದನಿ ತೆಗೆದ.

"ನಮ್ಮಪ್ಪ ನಮ್ಮಮ್ಮ ಮಾತು ಬಿಟ್ಟಾರೆ ಗುಮ್ಮಾ. ನನ್ ಕೈಯಾಗೇ ಹೇಳಿ ಕಳಿಸ್ತಾರೆ, ಸಾರಿಗೆ ಉಪ್ಪಿಲ್ಲ ಅಂತ ಹೇಳು, ಬೇಕಾರೆ ಹಾಕ್ಕೊಳ್ಳಾಕೆ ಹೇಳು ಅಂತ. ನಂಗೆ ಸುಸ್ತಾಗೈತೆ."

ಮಲ್ಲಿಕಾರ್ಜುನಪ್ಪ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಏನ್ ಸಾಬ್ರೆ, ಆರಾಮಿದೀರಿ ತಾನೆ?"

"ಹಲ್ಲುನೋವು ರೀ" ಎಂದಿತು ಗುಮ್ಮನ ದನಿ.

"ನಿಮ್ ಹಲ್ಲುನೋವಿಗೆ ನನ್ ಗಾದಿ ಯಾಕೆ ಹರಿಯಾಕೆ ಹೋದ್ರಿ?"

ಕೂತು ಮತ್ತೆ ಹೊಲಿದುಕೊಟ್ಟು ಊರಿಗೆ ಬರುವಾಗ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಕರೆಗಳು. ಒಂದು ಮಗು ಸುಮ್ಮನೆ ಅತ್ತಿತು. ಇನ್ನೊಂದು, ತನ್ನ ಅಜ್ಜಿ ಸತ್ತಿದ್ದಕ್ಕೆ ಇನ್ನೂ ಅಳುವುದು ಬಾಕಿಯಿದೆ ಎಂದಿತು. ಇವೆಲ್ಲ ಯಾರ ಮಕ್ಕಳು, ಎಲ್ಲಿಯವು, ಬದುಕಿರುವವೋ ಇಲ್ಲವೋ ಎಂದು ಯೋಚಿಸುತ್ತ ಜಮಾಲನಿಗೆ ಬಿಸಿಲಿನಲ್ಲೂ ಚಳಿ ಹತ್ತಿತು. ಮಕ್ಕಳನ್ನು ಹೆದರಿಸಲು ಹೊರಟ ಗುಮ್ಮ ಮಕ್ಕಳಿಗೇ ಹೆದರಿ ನಡುಗುತ್ತಿದ್ದ.

ಬೀದಿಯ ಬಾಯಿಗೆ ಬಂದು ಗಾಡಿ ಆರಿಸಿದ. ಭಾನುವಾರ, ಆದರೂ ಒಂದು ಮಗುವೂ ಹೊರಗಿಲ್ಲ. ಸೈಕಲ್ಲಿಲ್ಲ, ಚೆಂಡಿಲ್ಲ. ಆದರೆ ಪ್ರತಿ ಬಾಗಿಲ ಹಿಂದಿನಿಂದಲೂ ಪಿಸಪಿಸ ಬರುತ್ತಿತ್ತು. ಅವನು ಕಿಟಕಿಯ ಹತ್ತಿರ ಬಂದರೆ ಅದು ನಿಲ್ಲುವುದು, ದಾಟಿದರೆ ಮತ್ತೆ ಶುರುವಾಗುವುದು. ಜೇಬಿನಲ್ಲಿ ಫೋನು ನಡುಗಿತು. ಎತ್ತಲಿಲ್ಲ. ಪಕ್ಕದ ಮನೆಯೊಳಗಿಂದ ಒಂದು ಎಳೆಯ ದನಿ ಕೇಳಿತು.

"ಎತ್ತಿದ್ನಾ?"

"ಇಲ್ಲ. ಬರ್ತಾ ಅದಾನೆ. ಬೀದಿಯಾಗೇ ಅದಾನೆ."

ಜಮಾಲ್ ಗಾಡಿಯನ್ನು ಅಲ್ಲೇ ಬಿಟ್ಟು ರೇವಣ್ಣನ ಕಿರಾಣಿ ಅಂಗಡಿಗೆ ಓಡಿದ. ಅಲ್ಲಿ ಸಿದ್ದಲಿಂಗಮ್ಮ ಆಗಲೇ ಕೂತಿದ್ದಳು.

"ನಮ್ ಮೊಮ್ಮಗಳು ರಕ್ಷಾ ಬೆಳಿಗ್ಗಿಂದ ಗೋಡೆ ಕಡೆ ಮಾರಿ ಮಾಡ್ಕಂಡು ಯಾರ ಜೊತೆಗೋ ಪಿಸಪಿಸ ಅಂತಾಳೆ. ಯಾರೇ ಅದು ಅಂದ್ರೆ ಗುಮ್ಮ ಅಂತಾಳೆ" ಎಂದಳು ಆಕೆ. "ಲೇ ಜಮಾಲ, ಹೆದರ್ಸು ಅಂತ ನಿಂಗೆ ಹೇಳಿದ್ದೆ ನಾನು. ನೀನೇನಾದ್ರೂ ಹೆದರಿಸಾಕೆ ಹೋಗಿದ್ಯಾ?"

"ಇಲ್ಲಮ್ಮಾ, ಮರೆತೇಬಿಟ್ಟಿದ್ದೆ."

"ಪುಣ್ಯ ಮಾಡ್ದೆ ಬಿಡು."

ರೇವಣ್ಣ ತೂಕದ ಬಟ್ಟು ಕೆಳಗಿಟ್ಟ. "ನಮ್ಮನ್ಯಾಗೂ ಅದೇ ಕತೆ. ಹುಡುಗನ ಕೈಯಿಂದ ಫೋನು ಕಸ್ಕಂಡು ನಂಬರ್ ಬರ್ಕಂಡೀನಿ. ಯಾವನೋ ಮಕ್ಕಳಿಗೆ ಗಾಳ ಹಾಕ್ತಾ ಅದಾನೆ. ಮೊದ್ಲು ನಾನೇ ಫೋನ್ ಮಾಡಿ ಚೆನ್ನಾಗಿ ಉಗೀತೀನಿ, ಆಮೇಲೆ ಪೊಲೀಸ್ನೋರಿಗೆ ಕೊಡ್ತೀನಿ. ನೀವ್ಯಾಕೆ ಇಷ್ಟು ಬೆವರ್ತಾ ಇದೀರಿ ಜಮಾಲಣ್ಣಾ?"

"ಬಿಸಿಲು" ಎಂದು ಜಮಾಲ್ ಅಲ್ಲಿಂದ ಕಾಲ್ಕಿತ್ತ.

ಅರಳೆ ಕೋಣೆಗೆ ನುಗ್ಗಿ, ಅಗುಳಿ ಹಾಕಿ, ಫೋನಿನಿಂದ ಗುಮ್ಮನ ಸಿಮ್ ತೆಗೆದು ಗಾದಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಎರಡು ತುಂಡು ಮಾಡಿದ. ಅಬ್ಬ ಎಂದು ಅರಳೆ ರಾಶಿಗೆ ಒರಗಿದ. ಆಮೇಲೆ ಬೇರೊಂದು ನೋವು ಶುರುವಾಯಿತು. ಇನ್ನು ಮಗಳ ಮಾತು ಕೇಳುವುದು ಹೇಗೆ? ಬಹಳ ಹೊತ್ತು ಹಾಗೇ ಕೂತಿದ್ದ. ಬಾಗಿಲು ತಟ್ಟಿದ ಸದ್ದಾಯಿತು. ಅಗುಳಿ ತೆಗೆದರೆ ರೇವಣ್ಣ ನಿಂತಿದ್ದ. ಕಣ್ಣು ಕೆಂಪಗಿದ್ದವು.

"ಪೊಲೀಸು ಗಿಲೀಸು ಬ್ಯಾಡ ಅಂತ ತೀರ್ಮಾನ ಮಾಡಿದೆ ಜಮಾಲಣ್ಣಾ. ಉಗಿಯಾಕಂತಲೇ ಫೋನ್ ಮಾಡಿದ್ದೆ. ಆದ್ರೆ ಆವಯ್ಯ ಹೂಂ, ಹೇಳು ಅಂದ ನೋಡ್ರಿ, ನಮ್ಮವ್ವ ತೀರ್ಕಂಡಾಗಿಂದ ಎದಿಯಾಗೆ ಇದ್ದದ್ದೆಲ್ಲಾ ಹೇಳಿಬಿಟ್ಟೆ. ಒಂದ್ಸಲಾನೂ ನಡುವೆ ಬಾಯಿ ಹಾಕಲಿಲ್ಲ. ಒಳ್ಳೆ ಮನುಷ್ಯ."

"ಯಾವಾಗ ಮಾಡಿದ್ರಿ?" ಎಂದು ಕೇಳಿದ ಜಮಾಲ್.

"ಈಗ ತಾನೆ. ಮಾತು ಮುಗಿಸಿ ಸೀದಾ ಇಲ್ಲಿಗೇ ಬಂದೆ."

ಜಮಾಲ್ ಅಂಗೈ ಬಿಡಿಸಿ ನೋಡಿಕೊಂಡ. ಸಿಮ್ಮಿನ ಎರಡು ತುಂಡುಗಳೂ ಅಲ್ಲೇ ಇದ್ದವು. ರೇವಣ್ಣ ಇನ್ಯಾವುದೋ ನಂಬರು ಒತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ನಡೆದ.

ಸಂಜೆಯ ಮಗ್ರಿಬ್ ಅಜಾನ್ ಆಗಿ ಬೀದಿಯಲ್ಲಿ ಮಬ್ಬು ಕವಿದಿತ್ತು. ಅವನ ಮನೆಯಂಗಳದಲ್ಲಿ ಬೀದಿಯ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. ಸಾಲಿನ ತಲೆಗೆ ಆಯಿಷಾ. ಅವಳ ಹಿಂದೆ ಕೂತ ರಕ್ಷಾ ಅವಳ ಕೂದಲಿನಿಂದ ಅರಳೆಯ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು. ನಿಲೋಫರ್ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ರಿ, ಎಲ್ಲಾ ಇವಳ ಹಿಂದೇನೇ ಕುಂತಾವೆ. ಇವಳೇ ಯಾವುದೋ ನಂಬರ್ ಕೊಟ್ಟಾಳಂತೆ. ಬೆಳಿಗ್ಗಿಂದ ಇವಳಿಗೆ ಎಷ್ಟು ಜನ ಗೆಳತೇರು."

ಜಮಾಲನಿಗೆ ಸಂತೋಷವಾಯಿತು, ಅದರ ಹಿಂದೆಯೇ ಭಯವೂ ಆಯಿತು. ಗುಮ್ಮ ಹೋದನೆಂದು ತಿಳಿದರೆ ಈ ಮಕ್ಕಳೆಲ್ಲ ಎದ್ದು ಹೋಗುತ್ತಾರೆ, ಮಗಳು ಮತ್ತೆ ಬಾಗಿಲ ಹಿಂದಿನ ಮೂಲೆ ಸೇರುತ್ತಾಳೆ. ಅದಕ್ಕೆ ಮೊದಲೇ ನಿಜ ಹೇಳಿಬಿಡಬೇಕು. ಗುಮ್ಮನ ಜಾಗದಲ್ಲಿ ಅಪ್ಪ ಕೂರಬೇಕು. ಅವನು ಮಗಳ ಮುಂದೆ ಮಂಡಿಯೂರಿದ.

"ಆಯಿಷಾ, ಆ ಗುಮ್ಮ ನಾನೇ ಕಣವ್ವಾ."

ಮಕ್ಕಳೆಲ್ಲ ಅವನನ್ನು ನೋಡಿದರು. ಯಾರೂ ಕಣ್ಣು ಮಿಟುಕಿಸಲಿಲ್ಲ.

"ನೀನಲ್ಲ" ಎಂದಳು ಆಯಿಷಾ.

"ಯಾಕವ್ವಾ ಹಂಗಂತೀಯಾ?"

"ಗುಮ್ಮ ಪೂರ್ತಿ ಕೇಳ್ತಾನೆ."

ಮಾತು ನೇರ ಎದೆಗೆ ಬಂದು ತಾಗಿತು. ಆದರೂ ಅವನು ಅಂಗಿಯ ಮೇಲಿದ್ದ ಅರಳೆ ಕೆರೆದು ಬಾಯಿಗೆ ತುಂಬಿಕೊಂಡು, "ನಾನು ಗುಮ್ಮ" ಎಂದು ದನಿ ತೆಗೆದು ತೋರಿಸಿದ.

"ನಿಮಗೆ ಅವನ ಹಂಗೆ ಮಾತಾಡಾಕೆ ಬರಲ್ಲ ಮಾಮಾ" ಎಂದಳು ರಕ್ಷಾ, ಪಾಪ ಅನ್ನಿಸಿದವಳಂತೆ.

ಜಮಾಲ್ ಬಾಯಿ ಖಾಲಿ ಮಾಡಿ, ಸಿಮ್ಮಿನ ತುಂಡುಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. "ನೋಡ್ರವ್ವಾ, ಗುಮ್ಮ ಇದರಾಗೇ ಇದ್ದ. ಕತ್ತರಿಸಿಬಿಟ್ಟೀನಿ. ಇನ್ನು ಅವನು ಬರಲ್ಲ. ನಿಮಗೆ ಏನಿದ್ರೂ ನಂಗೇ ಹೇಳ್ರಿ, ನಾನು ಕೇಳ್ತೀನಿ."

"ಲೈನಿನಾಗೇ ಅದಾನೆ ಈಗ" ಎಂದು ಆಯಿಷಾ ಫೋನು ಚಾಚಿದಳು. "ಬೇಕಾರೆ ಮಾತಾಡು."

ಜಮಾಲ್ ಫೋನು ತೆಗೆದುಕೊಂಡು ಕಿವಿಗೆ ಹಿಡಿದ. ಮೊದಲು ಏನೂ ಇಲ್ಲ. ಆಮೇಲೆ ಯಾರೋ ಉಸಿರೆಳೆದುಕೊಂಡರು. ಬಾಯಿ ತುಂಬ ಅರಳೆ ತುಂಬಿಕೊಂಡ, ಅವನದೇ ದನಿ, ಅವನಿಗಿಂತ ಎಷ್ಟೋ ಮೃದುವಾಗಿ ಮಾತಾಡಿತು.

"ಜಮಾಲಾ, ನಿಂದು ಆಮೇಲೆ ಕೇಳ್ತೀನಿ. ಫೋನು ಮಗೀಗೆ ಕೊಡು."

ಅವನು ಕೊಟ್ಟ. ಕೊಡದೆ ಇರಲು ಕೈಗೆ ಧೈರ್ಯ ಬರಲಿಲ್ಲ. ಆಯಿಷಾ ಅಪ್ಪನಿಗೆ ಬೆನ್ನು ಮಾಡಿ ಕೂತು, "ಹೂಂ ಗುಮ್ಮಾ, ನಾನು ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಹೇಳತೊಡಗಿದಳು. ಮಗಳನ್ನು ಮಾತಾಡಿಸುವುದು ಹೇಗೆಂದು ಜಮಾಲ್ ಯಾರನ್ನಾದರೂ ಕೇಳಲೇಬೇಕಿತ್ತು. ಮಕ್ಕಳ ಸಾಲಿನ ಕೊನೆಗೆ ಹೋಗಿ, ಕಾಲು ಮಡಚಿ, ತನ್ನ ಪಾಳಿಗೆ ಕಾಯುತ್ತ ಕೂತ.