ಹೇಳದೆ ಹೋಗುವ ಪೆಟ್ಟಿಗೆ

ನಮ್ಮ ಕಡೆಯ ಜನಕ್ಕೆ ಬಾರದ ಮಾತೊಂದಿದೆ. ಅದು ‘ಇಲ್ಲ’. ನಾಲಿಗೆಯಲ್ಲಿ ದೋಷವೇನೂ ಇಲ್ಲ. ಕರೆಂಟ್ ಇಲ್ಲ, ಬಸ್ಸಿಲ್ಲ, ಸಾರಿಗೆ ಉಪ್ಪಿಲ್ಲ ಎನ್ನುವುದನ್ನೆಲ್ಲ ಧಾರಾಳವಾಗಿ ಹೇಳುತ್ತೇವೆ. ಆದರೆ ಎದುರಿಗೆ ಒಬ್ಬ ಮನುಷ್ಯ ಬಂದು ನಿಂತು ಏನಾದರೂ ಕೇಳಿದನೋ, ಆ ಮಾತು ಗಂಟಲಿನಲ್ಲೇ ಕೂತುಬಿಡುತ್ತದೆ. ಹುಣಸೂರಿನಿಂದ ಪಿರಿಯಾಪಟ್ಟಣದ ತನಕ, ಅತ್ತ ಕೆ.ಆರ್. ನಗರ, ಇತ್ತ ಎಚ್.ಡಿ. ಕೋಟೆ, ಎಲ್ಲಿ ಬೇಕಾದರೂ ಹೋಗಿ ಕೇಳಿ ನೋಡಿ: ‘ನೋಡಾನ’ ಅಂತಾರೆ, ‘ಮನೇಲಿ ಒಂದ್ಮಾತು ಕೇಳ್ತೀನಿ’ ಅಂತಾರೆ, ‘ಮೊದ್ಲು ಕೂತ್ಕಳಿ’ ಅಂತಾರೆ. ನಾನು ಚಿಕ್ಕವನಿದ್ದಾಗ ಪಕ್ಕದ ಹಳ್ಳಿಯವರೊಬ್ಬರು ಉಳುಮೆಗೆ ಎತ್ತು ಕೇಳಿಕೊಂಡು ನಮ್ಮ ತಾತನ ಹತ್ತಿರ ಬಂದಿದ್ದರು. ತಾತ ಅವರನ್ನು ಜಗಲಿಯ ಮೇಲೆ ಕೂರಿಸಿ, ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಬಲವಂತ ಮಾಡಿ ಊಟಕ್ಕೆಬ್ಬಿಸಿ, ಮಳೆಯ ವಿಚಾರ, ಅವರ ಮನೆಯ ಹಸು ಕರು ಹಾಕಿದ ವಿಚಾರ ಎಲ್ಲ ಮಾತಾಡಿ, ಹೊರಟಾಗ ಊರಾಚೆಯ ಹುಣಸೆಮರದ ತನಕ ಹೋಗಿ ಕಳಿಸಿ ಬಂದರು. ಎತ್ತಿನ ಮಾತು ಮಾತ್ರ ಯಾರ ಬಾಯಲ್ಲೂ ಮತ್ತೆ ಬರಲಿಲ್ಲ. ಕೊಡುವುದಿಲ್ಲ ಎಂದು ಯಾವಾಗ ಹೇಳಿದಿರಿ ಎಂದು ನಾನು ಕೇಳಿದ್ದಕ್ಕೆ ತಾತ, “ಮಜ್ಜಿಗೆ ಕೊಟ್ನಲ್ಲಪ್ಪ” ಎಂದರು.

ಇಂಥ ಜನರ ನಡುವೆ, ಇಂಥ ತಾತನ ಮೊಮ್ಮಗನಾದ ನಾನು ಹುಣಸೂರಿನಲ್ಲಿ ಮೇಷ್ಟರಾಗಿದ್ದ ಕಾಲದಲ್ಲಿ ಮನೆಗೆ ಒಂದು ಕಂಪ್ಯೂಟರ್ ತಂದೆ. ಹೊಸ ಶತಮಾನ ಆಗ ತಾನೆ ಕಣ್ಣು ಬಿಟ್ಟಿತ್ತು. ಮೈಸೂರಿನಲ್ಲಿದ್ದ ನನ್ನ ಹೆಂಡತಿಯ ತಮ್ಮ ಹರೀಶ ಅದನ್ನು ತಂದು ಜೋಡಿಸಿ, ಫೋನಿನ ತಂತಿಯನ್ನೂ ಅದಕ್ಕೆ ಸಿಕ್ಕಿಸಿ, ‘ಭಾವ, ಇನ್ನು ಪ್ರಪಂಚವೇ ನಿಮ್ಮ ಮನೆಯೊಳಗೆ’ ಎಂದು ಹೇಳಿ ಸಂಜೆಯ ಬಸ್ಸು ಹಿಡಿದ. ಪ್ರಪಂಚ ಮನೆಯೊಳಕ್ಕೆ ಬರುವಾಗ ಮಾಡುತ್ತಿದ್ದ ಸದ್ದು ಕೇಳಿದವರಿಗೇ ಗೊತ್ತು. ಮೊದಲು ಟಿಕಟಿಕ ಅಂತ ನಂಬರು ಒತ್ತಿದ ಹಾಗೆ, ಆಮೇಲೆ ಕುಂಯ್ ಎಂದು ಮೂಗಿನಲ್ಲಿ ರಾಗ, ಕಡೆಗೆ ಮರಳಿನ ಮೇಲೆ ತಗಡು ಎಳೆದಂತೆ ಗೊರಗೊರ. ನನ್ನ ಅವ್ವ ಮೊದಲ ಸಲ ಕೇಳಿದಾಗ, “ಏನ್ಲಾ ಅದು, ಬೆಕ್ಕಿನ ಬಾಲ ಬಾಗ್ಲಿಗೆ ಸಿಕ್ಕಂಡಂಗೆ ಕಿರುಚ್ತದೆ?” ಎಂದಳು. ಇದು ಫೋನಿನ ತಂತಿಯಲ್ಲಿ ಹೊರಗೆ ಹೋಗಿ ಸುದ್ದಿ ತರುವ ಸದ್ದು ಎಂದು ವಿವರಿಸಿದ ಮೇಲೆ ಅವಳ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿತು. ಏಕೆಂದರೆ ನಮ್ಮ ಮನೆಯಲ್ಲಿ ಅವ್ವನದೊಂದು ಕಟ್ಟಳೆಯಿತ್ತು: ಹೊಸ್ತಿಲು ದಾಟುವವರು ಹೇಳಿಯೇ ದಾಟಬೇಕು. ಅದೂ ‘ಹೋಗ್ತೀನಿ’ ಅನ್ನಕೂಡದು, ‘ಹೋಗಿ ಬತ್ತೀನಿ’ ಅನ್ನಬೇಕು. ಮೂಲೆಯಂಗಡಿಗೆ ಬೆಂಕಿಪೊಟ್ಟಣಕ್ಕೆ ಹೊರಟರೂ, ತಲೆ ನರೆತ ನಾನು ಅಡುಗೆಮನೆಯ ಕಡೆ ತಿರುಗಿ ಆ ಮಾತು ಒಪ್ಪಿಸಿಯೇ ಚಪ್ಪಲಿ ಮೆಟ್ಟುತ್ತಿದ್ದೆ. ಪೆಟ್ಟಿಗೆಯೂ ತನ್ನ ಭಾಷೆಯಲ್ಲಿ ಹೇಳಿಯೇ ಹೋಗುತ್ತಿದೆ ಎಂದು ಅವ್ವನಿಗೆ ಸಮಾಧಾನ.

ಸಮಾಧಾನವಿಲ್ಲದ್ದು ನನ್ನ ಹೆಂಡತಿ ಸುಮಿತ್ರಳಿಗೆ. ಒಲೆಯ ಮುಂದೆ ನಿಂತಿದ್ದಾಗ ಆ ಕೂಗು ಎದ್ದು ಅವಳು ಬೆಚ್ಚಿಬಿದ್ದು ಹಾಲು ಉಕ್ಕಿಹೋದ ಮೇಲೆ, ಮುಂದಿನ ಸಲ ಬಂದ ಹರೀಶನಿಗೆ ಆಜ್ಞೆಯಾಯಿತು. ಅವನು ಏನೋ ಒತ್ತಿ ಸದ್ದನ್ನು ಪೂರ್ತಿ ಅಡಗಿಸಿಬಿಟ್ಟ. ಅಲ್ಲಿಂದ ಮುಂದೆ ಮನೆ ತಣ್ಣಗಾಯಿತು. ಕಂಪ್ಯೂಟರನ್ನು ಪದೇ ಪದೇ ಆರಿಸಿ ಹಚ್ಚಿದರೆ ಕೆಟ್ಟುಹೋಗುತ್ತದೆ ಎಂದು ಅಂಗಡಿಯವನು ಹೆದರಿಸಿದ್ದರಿಂದ, ಬೆಳಿಗ್ಗೆ ಪೂಜೆಯ ದೀಪದ ಜೊತೆಗೆ ಅದನ್ನೂ ಹಚ್ಚಿಟ್ಟು, ಧೂಳು ಕೂರದಿರಲೆಂದು ಸುಮಿತ್ರ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಗಿಳಿಗಳ ಬಟ್ಟೆಯನ್ನು ಹೊದಿಸಿ ನಾನು ಶಾಲೆಗೆ ಹೊರಡುತ್ತಿದ್ದೆ. ಬಟ್ಟೆಯ ಒಳಗೆ ಅದು ಏನು ಮಾಡುತ್ತಿತ್ತೆಂದು ನಮಗೇನು ಗೊತ್ತು? ತನಗೆ ತೋಚಿದಾಗ ಎದ್ದು, ಯಾರ ಅಪ್ಪಣೆಯನ್ನೂ ಕೇಳದೆ, ನನಗೆ ಟಪಾಲು ಬಂದಿದೆಯೋ ಎಂದು ನೋಡಲು ಇಂಟರ್ನೆಟ್ಟಿಗೆ ಹೋಗುತ್ತಿತ್ತು. ಇಡೀ ಜಗತ್ತಿನಲ್ಲಿ ನನಗೆ ಹಾಗೆ ಟಪಾಲು ಕಳಿಸುತ್ತಿದ್ದವನು ಹರೀಶ ಒಬ್ಬನೇ; ಅದೂ ‘ಭಾವ, ಇದು ತಲುಪಿತೇ?’ ಎಂಬ ಒಂದೇ ಸಾಲು. ಹೋದದ್ದಾದರೂ ನೋಡಿಕೊಂಡು ಬಂದುಬಿಡುತ್ತಿತ್ತೇ? ಕ್ಷೌರದಂಗಡಿಗೆ ಹೋದ ನಮ್ಮ ದೊಡ್ಡಪ್ಪನ ಹಾಗೆ, ಕೆಲಸ ಮುಗಿದರೂ ಅಲ್ಲೇ ಕೂತಿರುತ್ತಿತ್ತು. ಅಷ್ಟು ಹೊತ್ತೂ ನಮ್ಮ ಮನೆಗೆ ಫೋನ್ ಮಾಡಿದವರಿಗೆ ಕೇಳುತ್ತಿದ್ದುದು ಎಂಗೇಜ್ ಸದ್ದು.

ನಮ್ಮ ಮನೆಯ ಫೋನು ನಮ್ಮದೊಂದೇ ಮನೆಯದಾಗಿದ್ದರೆ ತೊಂದರೆಯಿರಲಿಲ್ಲ. ಆಗ ಬೀದಿಗೊಂದು ಫೋನಿದ್ದರೆ ಅದು ಬೀದಿಯ ಸ್ವತ್ತು. ಫೋನಿಲ್ಲದವರು ನಂಟರಿಗೆ ನಮ್ಮ ನಂಬರು ಕೊಟ್ಟು, ಪಕ್ಕದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದರು. ಅದಕ್ಕೆ ಕರೆ ಬಂದರೆ ನಾವು ಹಿತ್ತಲಿಗೆ ಓಡಿ, ಗೋಡೆಯ ಮೇಲೆ ತಲೆಯಿಟ್ಟು ಕೂಗಬೇಕು. ಹೀಗೆ ನಮ್ಮ ನಂಬರನ್ನು ಎಲ್ಲರಿಗಿಂತ ಹೆಚ್ಚು ಹಂಚಿದವರು ಪಕ್ಕದ ಮನೆಯ ರಾಮೇಗೌಡರು. ಗುರುಪುರದ ಕಡೆ ಅವರ ಹೊಗೆಸೊಪ್ಪಿನ ಹೊಲ. ಅವರ ಮಗಳು ಸವಿತಳನ್ನು ನೋಡಲು ಆ ವರ್ಷ ಚುಂಚನಕಟ್ಟೆಯ ನಿಂಗೇಗೌಡರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಎರಡು ಸಲ ಕೇಸರಿಬಾತು ಹಾಕಿಸಿಕೊಂಡು, ಹುಡುಗಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದನಂತೆ: ಟ್ರ್ಯಾಕ್ಟರಿನ ಸದ್ದಾದರೆ ನಿನಗೆ ನಿದ್ದೆ ಬರುತ್ತದೆಯೇ ಎಂದು. ಸವಿತ ಉತ್ತರ ಹೇಳಲಿಲ್ಲ, ನಕ್ಕಳು. ಅಲ್ಲೇ ಕೂತಿದ್ದ ಅವ್ವ ಮನೆಗೆ ಬಂದವಳೇ, ಆ ನಗು ಒಪ್ಪಿದ ನಗು ಎಂದು ತೀರ್ಪು ಕೊಟ್ಟಳು. ನಿಂಗೇಗೌಡರು ಹೊರಡುವಾಗ, ಭತ್ತದ ಒಕ್ಕಣೆ ಮುಗಿಸಿ ಫೋನ್ ಮಾಡಿ ತಿಳಿಸುತ್ತೇವೆ ಎಂದರು. ರಾಮೇಗೌಡರು ನಮ್ಮ ನಂಬರು ಕೊಟ್ಟರು.

ಅದು ಅವರೆಕಾಯಿಯ ಕಾಲ. ಹಿತಕಿದ ಬೇಳೆಗೆ ಕಾಳಿನ ಸಿಪ್ಪೆ ತೆಗೆಯಲು ಜೊತೆಯಾಗುತ್ತೇನೆ ಎಂಬ ನೆಪದಲ್ಲಿ ಸವಿತ ಮಧ್ಯಾಹ್ನವಾದರೆ ನಮ್ಮ ಮನೆಗೆ ಬಂದು ಅವ್ವನ ಪಕ್ಕದಲ್ಲಿ ಕೂರುತ್ತಿದ್ದಳು. ನಡುಮನೆಯಲ್ಲಿ ಕೂರಲು ಎಷ್ಟು ಜಾಗವಿದ್ದರೂ ಅವಳಿಗೆ ಗಾಳಿ ಬರುತ್ತಿದ್ದುದು ಫೋನಿನ ಮೇಜಿನ ಹತ್ತಿರ ಮಾತ್ರ. ಒಕ್ಕಣೆ ಮುಗಿಯುವ ಕಾಲ ಬಂತು, ಮುಗಿಯಿತು. ಫೋನು ಬಾಯಿ ಬಿಡಲಿಲ್ಲ. ಒಂದು ದಿನ ರಾಮೇಗೌಡರು ನಮ್ಮ ಬಾಗಿಲಲ್ಲಿ ನಿಂತು, “ಬುಡಿ ಮೇಷ್ಟ್ರೇ, ಅವ್ರು ಮರ್ಯಾದಸ್ತರು. ಬಾಯಲ್ಲಿ ಏಳ್ದೇನೇ ಏಳವ್ರೆ” ಎಂದರು. ಎಚ್.ಡಿ. ಕೋಟೆ ಕಡೆಯಿಂದ ಇನ್ನೊಂದು ಸಂಬಂಧ ಬಂದಿದೆ, ಅದನ್ನು ನೋಡುವುದೇ ಸರಿ ಎಂದೂ ಸೇರಿಸಿದರು. ಒಳಗೆ ಕೂತಿದ್ದ ಸವಿತ ಅವರೆ ಹಿತಕುತ್ತಲೇ ಇದ್ದಳು. ಅವಳು ಹೋದ ಮೇಲೆ ಅವ್ವ ನನ್ನನ್ನು ಕರೆದು ತೋರಿಸಿದಳು: ಸಿಪ್ಪೆಯೆಲ್ಲ ಪಾತ್ರೆಯಲ್ಲಿತ್ತು, ಬೇಳೆಯೆಲ್ಲ ಕಸದ ಮೊರದಲ್ಲಿತ್ತು.

ಅದರ ಮಾರನೆಯ ದಿನವೋ ಏನೋ, ಎಚ್.ಡಿ. ಕೋಟೆಯಲ್ಲಿರುವ ನನ್ನ ಅಕ್ಕನೊಡನೆ ಮಾತಾಡಲು ಅವ್ವ ರಿಸೀವರ್ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಕಿವಿಯಲ್ಲಿ ಗೊರಗೊರ. ಮನೆಯಿಂದ ಕಾಣೆಯಾಗಿದ್ದ ಆ ಹಳೆಯ ಸದ್ದು ಫೋನಿನೊಳಗೆ ಅವಿತುಕೊಂಡಿತ್ತು. ಅವ್ವ ರಿಸೀವರನ್ನು ಮೆಲ್ಲಗೆ ಇಟ್ಟು, ಕೋಣೆಯಲ್ಲಿ ಗಿಳಿಗಳ ಬಟ್ಟೆ ಹೊದ್ದು ಸಾಧುವಿನಂತೆ ಕೂತಿದ್ದ ಕಂಪ್ಯೂಟರನ್ನು ದಿಟ್ಟಿಸಿ, “ನಂಜುಂಡ, ನಿನ್ನ ಪೆಟ್ಟಿಗೆ ಮನೇಲಿಲ್ಲ ಕಣ್ಲಾ” ಎಂದಳು. ಬಟ್ಟೆ ಎತ್ತಿ ನೋಡಿದೆ. ಹೌದು, ಇರಲಿಲ್ಲ. ಪರದೆಯ ಮೂಲೆಯಲ್ಲಿ ಎರಡು ಪುಟ್ಟ ದೀಪಗಳು ಒಂದಕ್ಕೊಂದು ಕಣ್ಣು ಹೊಡೆಯುತ್ತಿದ್ದವು. ತಂತಿ ಕಿತ್ತೆ. ಆದರೆ ಚುಂಚನಕಟ್ಟೆಯವರು ಅಷ್ಟರಲ್ಲಿ ಎಷ್ಟು ಸಲ ಪ್ರಯತ್ನಿಸಿದ್ದರೋ, ಏನೆಂದುಕೊಂಡಿದ್ದರೋ. ಹೆಣ್ಣಿನ ಕಡೆಯವರು ತಾವಾಗಿ ಹೋಗಿ ಕೇಳುವುದು ರಾಮೇಗೌಡರಿಗೆ ಸುತರಾಂ ಒಪ್ಪಿಗೆಯಿಲ್ಲ. ಪೆಟ್ಟಿಗೆಯನ್ನು ಸಾಕಿದವನು ನಾನು, ಆದ್ದರಿಂದ ನಾನೇ ಹೋಗಬೇಕೆಂದು ಅವ್ವ ಅಪ್ಪಣೆ ಮಾಡಿದಳು.

ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಚುಂಚನಕಟ್ಟೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ನಿಂಗೇಗೌಡರು ನನ್ನನ್ನು ಕಂಡವರೇ ಎದ್ದು ಬಂದು, ಕೈಕಾಲಿಗೆ ನೀರು ಕೊಟ್ಟು, ಜಗಲಿಯ ಮೇಲೆ ಹೊಸ ಚಾಪೆ ಹಾಸಿಸಿದರು. ಆಮೇಲೆ ಅವರ ಹೆಂಡತಿ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದಿಟ್ಟರು. ಅದನ್ನು ಕಂಡೇ ನಾನು ಅರ್ಧ ಆಸೆ ಬಿಟ್ಟೆ. ‘ಊಟ ಮಾಡ್ಕೊಂಡೇ ಹೋಗ್ಬೇಕು’ ಎಂದಾಗಲಂತೂ ನನಗೆ ತಾತನ ಎತ್ತುಗಳು ಕಣ್ಣಿಗೆ ಕಟ್ಟಿದವು. ಭತ್ತದ ಮಾತಾಯಿತು, ನಾಲೆಯ ನೀರಿನ ಮಾತಾಯಿತು. ಕಡೆಗೆ ಅವರೇ ನಿಧಾನವಾಗಿ, “ನಮಗೂ ಅರ್ಥ ಆಯ್ತದೆ ಮೇಷ್ಟ್ರೇ. ಒಲ್ಲೆ ಅನ್ನಾಕೆ ನಿಮಗೂ ಮುಜುಗರ. ಫೋನ್ ಎತ್ತಿ ಪಕ್ಕಕ್ಕಿಟ್ಬುಟ್ರಿ. ನಾವು ಬೇಜಾರು ಮಾಡ್ಕೊಂಡಿಲ್ಲ” ಎಂದರು. ಕೆ.ಆರ್. ನಗರದ ಮಿಲ್ಲಿಗೆ ಭತ್ತ ಹಾಕಲು ಹೋದಾಗಲೆಲ್ಲ ಅಲ್ಲಿನ ಫೋನ್ ಬೂತಿನ ಮುಂದೆ ನಿಂತು, ನಮ್ಮ ನಂಬರು ಒತ್ತಿ ಒತ್ತಿ, ಆ ಎಂಗೇಜ್ ಸದ್ದು ಕೇಳಿ ವಾಪಸಾಗಿದ್ದರಂತೆ. ಅಂದರೆ ಇವರು ಒಲ್ಲೆ ಎಂದಿದ್ದಾರೆಂದು ಅವರು, ಅವರು ಒಲ್ಲೆ ಎಂದಿದ್ದಾರೆಂದು ಇವರು, ಇಬ್ಬರೂ ಪರಸ್ಪರರ ಮರ್ಯಾದೆಯನ್ನು ಮೆಚ್ಚಿಕೊಂಡು ಸುಮ್ಮನೆ ಕೂತಿದ್ದರು.

ನಾನು ಕಂಪ್ಯೂಟರಿನ ಕಥೆ ಶುರು ಮಾಡಿದೆ. ಮೂವತ್ತೆಂಟು ಮಕ್ಕಳ ತರಗತಿಗೆ ಗ್ರಹಣ ಅರ್ಥ ಮಾಡಿಸಿದ್ದವನು ನಾನು. ಆ ಜಗಲಿಯ ಮೇಲೆ ಬೆವೆತುಹೋದೆ. ನಿಂಗೇಗೌಡರು ಎಲ್ಲವನ್ನೂ ಕೇಳಿ, ನ್ಯಾಯ ಹೇಳುವವರ ಹಾಗೆ ಒಂದೊಂದಾಗಿ ಹೇಳಿಕೊಂಡರು.

“ಅಂದ್ರೆ, ನೀವು ಎತ್ನಿಲ್ಲ, ಮನೇವ್ರು ಮುಟ್ನಿಲ್ಲ. ಅದೇ ಎದ್ದು ಫೋನ್ ಮಾಡ್ತದೆ.”

“ಹೌದು.”

“ಯಾರಿಗೆ?”

“ಯಾರಿಗೂ ಅಲ್ಲ.”

ಅವರು ಹೆಂಡತಿಯ ಮುಖ ನೋಡಿದರು. ಆಕೆ ಒಳಗೆ ಹೋಗಿ ಮಜ್ಜಿಗೆಯ ಪಾತ್ರೆ ತಂದು ನನ್ನ ಲೋಟವನ್ನು ಮತ್ತೆ ತುಂಬಿದರು. ಮುಗಿಯಿತು ಎಂದುಕೊಂಡೆ. ಆಗ ಬಾಗಿಲ ಹಿಂದಿನಿಂದ ಒಂದು ದನಿ, “ಅಪ್ಪಾ, ನಮ್ಮ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಆಕಿಲ್ವಾ? ಕರೆಂಟ್ ಬಂದೇಟ್ಗೆ ಅದೇ ಓಡ್ತದಲ್ಲ, ಅಂಗೇ ಇರ್ಬೇಕು” ಎಂದಿತು. ಮದುವೆಯ ಹುಡುಗ. ಕಂಪ್ಯೂಟರನ್ನು ಕಣ್ಣಲ್ಲಿ ಕಾಣದವನು ಅದರ ಪರವಾಗಿ ಇಷ್ಟು ಆತುರದಿಂದ ವಾದಿಸುತ್ತಿರುವುದು ಯಾಕೆಂದು ಅವನ ಅಪ್ಪನಿಗೂ ತಿಳಿಯಿತು, ನನಗೂ ತಿಳಿಯಿತು. ನಿಂಗೇಗೌಡರು ಮೀಸೆಯೊಳಗೇ ಸ್ವಲ್ಪ ನಕ್ಕು, ಹಾಗಾದರೆ ಸೋಮವಾರ ಬಂದು ಕಣ್ಣಲ್ಲೇ ನೋಡುತ್ತೇವೆ ಎಂದರು.

ಸೋಮವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು, ಬಾಳೆಹಣ್ಣು. ಹರೀಶನಿಗೆ ಫೋನ್ ಮಾಡಿ, ಅವನು ಹೇಳಿದಂತೆ ಒತ್ತಿ, ಕಂಪ್ಯೂಟರಿನ ದನಿಯನ್ನು ವಾಪಸು ತರಿಸಿದ್ದೆ. ತಂತಿ ಸಿಕ್ಕಿಸಿ, ಗಿಳಿಗಳ ಬಟ್ಟೆ ತೆಗೆದು, ಎಲ್ಲರೂ ಅದರ ಮುಂದೆ ಚಾಪೆಯ ಮೇಲೆ ಕೂತೆವು. ಬೀಗರಾಗಬೇಕಾದವರಿಬ್ಬರು ಅಕ್ಕಪಕ್ಕ, ಹುಡುಗ ಕಂಬಕ್ಕೊರಗಿ, ಸವಿತ ಅಡುಗೆಮನೆಯ ಬಾಗಿಲಲ್ಲಿ. ಪೆಟ್ಟಿಗೆ ಅಲುಗಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ನನ್ನ ತರಗತಿಯ ಪುಂಡರೆಲ್ಲ ಕೈಕಟ್ಟಿ ಕೂರುವ ಹಾಗೆ ಕೂತಿತು. ಕಾಫಿ ಬಂತು, ಹೋಯಿತು. ನಾನು ಒಳಗೊಳಗೇ ಅದರ ಕಾಲು ಹಿಡಿದೆ: ಇಷ್ಟು ದಿನ ಕೇಳದೆ ಹೋದೆಯಲ್ಲ, ಇವತ್ತೊಂದು ದಿನ ಹೋಗು ಮಾರಾಯ. ಕಾಯುತ್ತ ಕೂತವರು ಎಷ್ಟು ಹೊತ್ತು ಸುಮ್ಮನಿದ್ದಾರು? ಹೊಗೆಸೊಪ್ಪು ಹದ ಮಾಡುವುದು ಕಷ್ಟವೋ ಭತ್ತ ನಾಟಿ ಕಷ್ಟವೋ ಎಂಬ ಚರ್ಚೆಯಾಯಿತು. ಒಬ್ಬರ ಚೀಲದಿಂದ ಇನ್ನೊಬ್ಬರು ಎಲೆಯಡಿಕೆ ತೆಗೆದುಕೊಂಡರು. ಅದು ಮುಗಿದ ಮೇಲೆ ಎಲ್ಲರೂ ಮತ್ತೆ ಪೆಟ್ಟಿಗೆಯನ್ನೇ ನೋಡತೊಡಗಿದರು.

ಆಗ ಅವ್ವ, ನಮ್ಮ ಇಡೀ ಸೀಮೆಯಲ್ಲಿ ಯಾರೂ ಯಾರನ್ನೂ ಕೇಳದ ರೀತಿಯಲ್ಲಿ ಕೇಳಿಬಿಟ್ಟಳು. “ಪೆಟ್ಟಿಗೆ ಆಳಾಗೋಗ್ಲಿ ಬುಡಿ ಗೌಡ್ರೇ. ನಿಮಗೆ ಹುಡುಗಿ ಒಪ್ಪಿಗೆಯೋ ಇಲ್ವೋ, ಬಾಯಿಬುಟ್ಟು ಏಳಿ.”

ಅಡುಗೆಮನೆಯಲ್ಲಿ ಒಂದು ಲೋಟ ಕೆಳಗೆ ಬಿತ್ತು. ನಿಂಗೇಗೌಡರು ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, “ಒಪ್ದೇ ಇದ್ರೆ ಅಷ್ಟು ಸಲ ಆ ಬೂತ್ ಮುಂದೆ ನಿಂತ್ಕತಿದ್ನಾ ತಾಯೀ?” ಎಂದರು.

ಸುಮಿತ್ರ ತಟ್ಟೆಯಲ್ಲಿ ತಾಂಬೂಲ ಹಿಡಿದು ಬಂದಳು. ರಾಮೇಗೌಡರು ತಟ್ಟೆಗೆ ಕೈಯೊಡ್ಡಿದರು, ನಿಂಗೇಗೌಡರು ಆ ಕಡೆಯಿಂದ ಹಿಡಿದರು. ಸರಿಯಾಗಿ ಆಗ ಪೆಟ್ಟಿಗೆಯಿಂದ ಟಿಕಟಿಕ, ಕುಂಯ್, ಗೊರಗೊರ. ನಿಂಗೇಗೌಡರು ತಟ್ಟೆ ಬಿಡದೆ ಅಲ್ಲಿಂದಲೇ ಬಗ್ಗಿ, ನನ್ನ ಕೈ ನೋಡಿದರು, ಹುಡುಗನ ಕೈ ನೋಡಿದರು, ‘ಯಾರೂ ಮುಟ್ನಿಲ್ಲ ಅಲ್ವಾ?’ ಎಂದು ಖಾತ್ರಿ ಮಾಡಿಕೊಂಡು ಜೋರಾಗಿ ನಕ್ಕರು. ಅವ್ವ ಮಾತ್ರ ಗಂಭೀರವಾಗಿ ಪೆಟ್ಟಿಗೆಯ ಕಡೆ ಕೈಯೆತ್ತಿ, “ಓಗ್ಬಾಪ್ಪ” ಎಂದಳು.

ಮದುವೆಗೆ ಬಂದ ಹರೀಶ ಆ ದುರಭ್ಯಾಸವನ್ನು ನಿಮಿಷದಲ್ಲಿ ಬಿಡಿಸಿದ. ಬಿಡಿಸುವಾಗ, ಇದಕ್ಕೆ ಅಪ್ಪಣೆ ಕೊಟ್ಟವರು ಯಾರು ಭಾವ ಎಂದು ಕೇಳಿದ. ಅಪ್ಪಣೆಯಿಲ್ಲದೆ ಹೋಗುತ್ತದೆ ಎಂಬುದೇ ಅಲ್ಲವೇ ಇಷ್ಟು ದಿನದ ರಾಮಾಯಣ ಎಂದೆ. ಅವನು ಪರದೆಯ ಮೇಲೆ ಒಂದು ಪುಟ್ಟ ಚೌಕ ತೋರಿಸಿದ. ಬೇಕಾದಾಗಲೆಲ್ಲ ನಾನೇ ಹೋಗಿಬರಲೇ ಎಂದು ಅದು ಮೊದಲ ದಿನವೇ ಕೇಳಿತ್ತಂತೆ; ಕೆಳಗೆ ಹೂಂ ಒಂದು, ಊಹೂಂ ಒಂದು. ನೆನಪಾಯಿತು. ಮನೆಗೆ ಹೊಸದಾಗಿ ಬಂದದ್ದು, ಅಷ್ಟು ವಿನಯದಿಂದ ಎದುರಿಗೆ ನಿಂತು ಕೇಳುತ್ತಿದೆ. ಮುಖದ ಮೇಲೆ ಹೊಡೆದ ಹಾಗೆ ಊಹೂಂ ಎನ್ನುವುದಾದರೂ ಹೇಗೆ? ಮಜ್ಜಿಗೆ ಕೊಡೋಣವೆಂದರೆ ಅದು ಕುಡಿಯುವುದೂ ಇಲ್ಲ.

ಈಗ ಅವ್ವ ಇಲ್ಲ. ಪ್ರತಿ ಸುಗ್ಗಿಗೂ ಚುಂಚನಕಟ್ಟೆಯಿಂದ ಸವಿತಳ ಮನೆಯ ಹೊಸ ಅಕ್ಕಿ ಬರುತ್ತದೆ. ಗೋಡೆಯ ಮೇಲೆ ಆ ಫೋನಿನ ತಂತಿ ಇನ್ನೂ ಇಳಿಬಿದ್ದಿದೆ. ನನ್ನ ಜೇಬಿನಲ್ಲಿರುವ ಫೋನು ಸದ್ದಿಲ್ಲದೆ ಹಗಲೆಲ್ಲ ಹೊರಗೇ ಇರುತ್ತದೆ. ಆಗಾಗ ಒಳಗೆ ಬಂದು, ನೀವು ಎಲ್ಲಿದ್ದೀರೆಂದು ನೋಡಲೇ, ನಿಮ್ಮ ಚಿತ್ರಗಳನ್ನು ನೋಡಲೇ, ನಿಮ್ಮ ನಂಟರ ನಂಬರು ತೆಗೆದುಕೊಳ್ಳಲೇ ಎಂದು ಕೇಳುತ್ತದೆ. ‘ಬೇಡ ಅಂತ ಒತ್ತಿ’ ಎಂದು ಸುಮಿತ್ರ ಪಕ್ಕದಿಂದ ಗದರುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ಎರಡು ಗುಂಡಿಗಳ ನಡುವೆ ಬಹಳ ಹೊತ್ತು ಹುಡುಕುತ್ತೇನೆ. ‘ನೋಡಾನ, ಮನೇಲಿ ಒಂದ್ಮಾತು ಕೇಳಿ ಏಳ್ತೀನಿ’ ಎಂಬ ಮೂರನೆಯ ಗುಂಡಿಯನ್ನು ಇನ್ನೂ ಯಾರೂ ಇಟ್ಟಿಲ್ಲ. ಅದು ಸಿಗದೆ, ಸುಮಿತ್ರ ಅತ್ತ ತಿರುಗುವುದನ್ನೇ ಕಾದು, ಹೂಂ ಎಂದು ಒತ್ತಿ ಫೋನನ್ನು ಜೇಬಿಗಿಳಿಸುತ್ತೇನೆ.