ಮೂರು ಸಲ ಕೇಳತಕ್ಕದ್ದು

ಮಿನೆಸೋಟಾ ರಾಜ್ಯದ ಹಾಲ್ವರ್ ಲೇಕ್ ಎಂಬ ನಮ್ಮ ಊರಿನಲ್ಲಿ ಯಾರೂ ಯಾವುದನ್ನೂ ಮೊದಲನೆಯ ಸಲಕ್ಕೆ ಒಪ್ಪಿಕೊಳ್ಳುವುದಿಲ್ಲ. ಇದು ಕಾನೂನಲ್ಲ, ಕಾನೂನಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಮುರಿದಿರುತ್ತಿದ್ದರು. ಕಾಫಿ ಬೇಕೇ ಎಂದರೆ, ಬೇಡ. ಇನ್ನೊಮ್ಮೆ ಕೇಳಿದರೆ, ನನಗೋಸ್ಕರ ಯಾಕೆ ತೊಂದರೆ. ಮೂರನೆಯ ಸಲ ಕೇಳಿದರೆ, ಹೇಗೂ ಮಾಡಿಟ್ಟಿದ್ದರೆ ಅರ್ಧ ಲೋಟ ಕೊಡಿ. ಆಗ ಲೋಟದ ತುಂಬ ಕೊಡಬೇಕು, ಅವರು ತಳ ಕಾಣುವಂತೆ ಕುಡಿಯಬೇಕು. ಎರಡೇ ಸಲ ಕೇಳಿ ಸುಮ್ಮನಾಗುವವರನ್ನು ನಾವು ಜಿಪುಣರು ಅನ್ನುತ್ತೇವೆ. ಮೊದಲನೆಯ ಸಲಕ್ಕೇ ಹೂಂ ಅನ್ನುವವರನ್ನು ಏನೂ ಅನ್ನುವುದಿಲ್ಲ. ಅವರು ಎದ್ದು ಹೋದ ಮೇಲೆ ಅನ್ನುತ್ತೇವೆ.

ನನ್ನ ಹೆಸರು ಡಾರ್ಲೀನ್. ಈ ಊರಿನ ಏಕೈಕ ಬ್ಯಾಂಕ್ ಶಾಖೆಯ ಗುಮಾಸ್ತೆ. ಶ್ರೀಮತಿ ಬರ್ನೀಸ್ ಟಾಲೆಫ್ಸನ್ ಅವರ ಕ್ರೆಡಿಟ್ ಕಾರ್ಡು ಮಂಜೂರಾಗಿ ಆನಂತರ ತಿರಸ್ಕೃತವಾದ ಪ್ರಕರಣದಲ್ಲಿ ಎಲ್ಲಿಯೂ ಯಾವ ನಿಯಮವೂ ಉಲ್ಲಂಘನೆಯಾಗಿಲ್ಲವೆಂದು ದೃಢೀಕರಿಸುವುದೇ ಈ ವರದಿಯ ಉದ್ದೇಶ. ವರದಿ ಬರೆಯುತ್ತೀಯಾ ಎಂದು ಮ್ಯಾನೇಜರ್ ಮೈರನ್ ನನ್ನನ್ನು ಮೂರು ಸಲ ಕೇಳಿದ್ದಾನೆ.

ಬರ್ನೀಸ್ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಗಂಡ ತೀರಿಕೊಂಡಿದ್ದಾನೆ. ಜೀವಮಾನದಲ್ಲಿ ಯಾರ ಹತ್ತಿರವೂ ಕೈಚಾಚಿದವಳಲ್ಲ, ಸಕ್ಕರೆಗೂ. ಇಂಥವಳು ಒಂದು ದಿನ ಬ್ಯಾಂಕಿಗೆ ಬಂದು, ಕೈಚೀಲವನ್ನು ಎದೆಗವಚಿಕೊಂಡು, ಕಾರ್ಡು ಬೇಕು ಎಂದು ಹೇಳದೆ, ಕಾರ್ಡಿನ ವಿಷಯ ಯಾರಾದರೂ ಎತ್ತುತ್ತಾರೇನೋ ಎಂದು ಹವಾಮಾನದ ಬಗ್ಗೆ ಅರ್ಧ ಗಂಟೆ ಮಾತಾಡಿದಳು.

ವಿಷಯ ಇಷ್ಟು. ಅವಳ ಅಕ್ಕ ಆರ್ಲಿಸ್ ಬಹಳ ವರ್ಷಗಳ ಹಿಂದೆಯೇ ಅರಿಜೋನಾಕ್ಕೆ ಹೋಗಿ ನೆಲೆಸಿದವಳು. ಫೆಬ್ರವರಿಯಲ್ಲಿ ಆಕೆಗೆ ಎಂಬತ್ತು ತುಂಬುತ್ತದೆ. ಅಕ್ಕತಂಗಿ ಮುಖ ನೋಡಿಕೊಂಡು ವರ್ಷಗಳೇ ಆಗಿವೆ.

"ಈ ಸಲ ಹೋಗ್ದಿದ್ರೆ ಇನ್ಯಾವಾಗ ನೋಡ್ತೀನೋ ಡಾರ್ಲೀನ್," ಅಂದಳು ಬರ್ನೀಸ್. "ಬಸ್ಸಿಗೆ ನಗದು ನಡೆಯುತ್ತೆ. ಲಾಡ್ಜಿನವರು ಮಾತ್ರ ಕಾರ್ಡಿಲ್ದೆ ರೂಮು ಕೊಡೋದಿಲ್ವಂತೆ."

"ಲಾಡ್ಜು ಯಾಕೆ? ಅಕ್ಕನ ಮನೇಲಿ ಇರಬಾರ್ದಾ?"

"ಕರೀದೇ ಹೋಗೋಕಾಗುತ್ತೇನೆ?"

"ಆರ್ಲಿಸ್ ಕರೀಲಿಲ್ವಾ?"

"ಕರೆದ್ಲು," ಬರ್ನೀಸ್ ಕಣ್ಣು ತಗ್ಗಿಸಿದಳು. "ಎರಡು ಸಲ."

ಅರಿಜೋನಾದ ಮರುಭೂಮಿಯ ಬಿಸಿಲು ಸಂಸ್ಕಾರವನ್ನು ಹೇಗೆ ಒಣಗಿಸುತ್ತದೆಂದು ನಮಗೆಲ್ಲ ಗೊತ್ತು. ಮೈರನ್ ಒಳಗಿನಿಂದ ಬಂದು, ಕಾರ್ಡಿಗೆ ಅರ್ಜಿ ಹಾಕುತ್ತೀರಾ ಎಂದು ಮೂರು ಸಲ ಕೇಳಿದ. ಅರ್ಜಿ ಹೋಯಿತು.

ಪ್ರಧಾನ ಕಚೇರಿ ಇರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿಂದ ಬೇಗನೆ ಉತ್ತರ ಬಂತು: "ಅಭಿನಂದನೆಗಳು, ಬರ್ನೀಸ್! ನಿಮ್ಮ ಕಾರ್ಡು ಮಂಜೂರಾಗಿದೆ. ನಿಮ್ಮಂಥವರಿಗಾಗಿಯೇ ನಾವಿರುವುದು." ಬರ್ನೀಸ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹೆಸರು ಹಿಡಿದು ಕರೆಯುವಷ್ಟು ಸಲಿಗೆ ಯಾವಾಗ ಬೆಳೆಯಿತೆಂದು ಸ್ವಲ್ಪ ನಾಚಿಕೊಂಡಳು. ಆದರೆ ನಿಯಮದ ಪ್ರಕಾರ ಮಂಜೂರಾತಿಯ ನಂತರ ದೂರವಾಣಿಯ ಮೂಲಕ ಗ್ರಾಹಕರ ಒಪ್ಪಿಗೆ ಪಡೆಯತಕ್ಕದ್ದು. ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ. ಆ ಕರೆಯ ಧ್ವನಿಮುದ್ರಣವನ್ನು ನಾನೇ ಕೇಳಿದ್ದೇನೆ.

"ಮೇಡಂ, ಕಾರ್ಡು ಕಳಿಸ್ಕೊಡ್ಲಾ?"

"ಅಯ್ಯೋ, ಬೇಡ ಬಿಡಪ್ಪ."

"ಬೇಡ್ವಾ?"

"ನನ್ನಂಥ ಮುದುಕಿಗೋಸ್ಕರ ನೀವ್ಯಾಕೆ ಅಷ್ಟೆಲ್ಲಾ ಕಷ್ಟಪಡ್ತೀರಿ. ಬೇರೆ ಯಾರಿಗಾದ್ರೂ ಬೇಕಾಗಿರುತ್ತೆ, ಪಾಪ, ಅವರಿಗೆ ಕೊಡಿ."

"ಸರಿ ಮೇಡಂ. ಶುಭದಿನ."

ನ್ಯೂಜೆರ್ಸಿಯ ಹುಡುಗ ಫೋನಿಟ್ಟ. ಬರ್ನೀಸ್ ಫೋನಿನ ಮೇಲೆ ಕೈಯಿಟ್ಟುಕೊಂಡು ಮೂರನೆಯ ಸಲಕ್ಕೆ ಕಾದಳು. ಒಲೆಯ ಮೇಲಿದ್ದ ಆಲೂಗಡ್ಡೆ ಸೀದುಹೋಯಿತು.

ವಾರದೊಳಗೆ ಎರಡನೆಯ ಪತ್ರ ಬಂತು. "ತಮ್ಮ ಅರ್ಜಿಯನ್ನು ಮರುಪರಿಶೀಲಿಸಿ ತಿರಸ್ಕರಿಸಲಾಗಿದೆ. ಕಾರಣ: ಅರ್ಜಿದಾರರನ್ನು ಬಹುಕಾಲದಿಂದ ಬಲ್ಲ ವ್ಯಕ್ತಿಯೊಬ್ಬರು ಅರ್ಜಿದಾರರ ಬಗ್ಗೆ ಪ್ರತಿಕೂಲ ಅಭಿಪ್ರಾಯ ನೀಡಿರುತ್ತಾರೆ. ಸದರಿ ವ್ಯಕ್ತಿ: ಅರ್ಜಿದಾರರು."

ಮೈರನ್ ನ್ಯೂಜೆರ್ಸಿಗೆ ಫೋನು ಮಾಡಿದ. ಅವನೂ ಇದೇ ಊರಿನವನು, ಜಗಳ ಅವನಿಗೆ ಬರುವುದಿಲ್ಲ. "ತೊಂದ್ರೆ ಕೊಡ್ತಿದೀನಿ ಅಂದ್ಕೋಬೇಡಿ, ಆಕೆ ಬೇಡ ಅಂದ್ರೆ ಬೇಕು ಅಂತ ಅರ್ಥ," ಅಂದ. ಹಾಗಾದರೆ ಅದನ್ನು ಸಾಬೀತುಪಡಿಸಿ ಎಂದು ಆ ಕಡೆಯವರು ಹೇಳಿದರು. ಬೇಡ ಎಂಬುದು ಬೇಕು ಎಂದಾಗುವ ಪ್ರದೇಶದಲ್ಲಿ ಬ್ಯಾಂಕು ಇಷ್ಟು ವರ್ಷ ವ್ಯವಹಾರ ಮಾಡಿದೆ ಎಂದರೆ ಅದು ಗಂಭೀರ ವಿಷಯ, ತನಿಖೆಯಾಗಬೇಕು ಎಂದೂ ಸೇರಿಸಿದರು.

ತನಿಖಾಧಿಕಾರಿಯ ಹೆಸರು ಡಿಮಾರ್ಕೊ. ಜನವರಿಯ ಚಳಿಯಲ್ಲಿ, ಕಚೇರಿಯ ತೆಳು ಬೂಟಿನಲ್ಲಿ ಬಂದ. ನಮ್ಮ ಶಾಖೆಯಲ್ಲಿ ಕುರ್ಚಿ ಸಾಲದು ಎಂದು ವಿಚಾರಣೆಯನ್ನು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಇಟ್ಟೆವು. ಊರೆಲ್ಲ ಸೇರಿತ್ತು. ಬರ್ನೀಸ್ ಒಂದು ದೊಡ್ಡ ತಟ್ಟೆ ನಿಂಬೆ ಕೇಕು ಮಾಡಿ ತಂದಿದ್ದಳು. ಆರೋಪಿಯೇ ಉಪಾಹಾರ ತರಬಾರದೆಂದು ಯಾವ ನಿಯಮವೂ ಇಲ್ಲ.

"ಕಾಫಿ ಕೊಡ್ಲಾ?" ಅಂದಳು.

"ಹೂಂ, ಕೊಡಿ," ಅಂದ ಡಿಮಾರ್ಕೊ.

ಯಾರೋ ಚಮಚ ಬೀಳಿಸಿದರು. ಪಾದ್ರಿಗಳು ಗೋಡೆಯ ಕಡೆ ನೋಡಿದರು. ಪಾಪ, ದೂರದಿಂದ ಬಂದವನು ಎಂದು ಬರ್ನೀಸ್ ಕಾಫಿ ಕೊಟ್ಟು, ಕೇಕಿನ ತುಂಡನ್ನೂ ಇಟ್ಟಳು. ಅವನು ತಿಂದ.

"ಇನ್ನೊಂದು?"

"ಬೇಡ, ಸಾಕು."

ಇನ್ನೊಂದು ಇಟ್ಟಳು.

"ಬೇಡ ಅಂದೆ ನಾನು."

"ಕೇಳಿಸ್ತಪ್ಪ," ಅಂದಳು ಬರ್ನೀಸ್, ಮತ್ತೊಂದನ್ನು ಇಡುತ್ತಾ.

ಅವನಿಗೆ ಬೇಡ ಅನ್ನುವುದಷ್ಟೇ ಗೊತ್ತಿತ್ತು. ಅಂದಷ್ಟೂ ತಟ್ಟೆ ತುಂಬಿತು. ನಾವು ಯಾವ ತಟ್ಟೆಯಲ್ಲಿಯೂ ಕೊನೆಯ ತುಂಡನ್ನು ತಿನ್ನುವವರಲ್ಲ. ಅರ್ಧ ಕತ್ತರಿಸಿ, ಆ ಅರ್ಧವನ್ನು ಇನ್ನೊಬ್ಬರು ಅರ್ಧ ಕತ್ತರಿಸಿ, ಉಳಿದ ಚೂರನ್ನು ಮನೆಗೆ ಒಯ್ದು ಫ್ರಿಜ್ಜಿನಲ್ಲಿಡುತ್ತೇವೆ. ಆ ದಿನ ಕೊನೆಯ ತುಂಡೂ ಡಿಮಾರ್ಕೊನ ಪಾಲಾಯಿತು. ಬರ್ನೀಸ್ ಯಾವಾಗಲೂ ಕೇಕು ತರುವ ಆ ತಟ್ಟೆಯ ತಳದಲ್ಲಿ ಹೂವಿನ ಚಿತ್ರವಿದೆ ಎಂದು ನನಗೆ ತಿಳಿದದ್ದು ಆಗಲೇ.

ಅವನು ಸೊಂಟದ ಪಟ್ಟಿ ಸಡಿಲಿಸಿಕೊಂಡು, ಸಭೆಯನ್ನು ನೋಡಿ ಕೇಳಿದ: "ಈ ಊರಲ್ಲಿ ನಿಜವಾಗ್ಲೂ ಬೇಡ ಅನ್ನೋದಕ್ಕೆ ಏನನ್ನಬೇಕು?"

ಇದುವರೆಗೆ ಯಾರಿಗೂ ಆ ಅಗತ್ಯ ಬಿದ್ದಿರಲಿಲ್ಲ.

"ಎದ್ದು ಹೋಗ್ಬೇಕು," ಅಂದ ಮೈರನ್, ಯೋಚಿಸಿ. "ಅದೂ ತಕ್ಷಣ ಅಲ್ಲ. ಬಾಗಿಲಲ್ಲಿ ನಿಂತು ಒಂದಷ್ಟು ಮಾತಾಡಿ, ಆಮೇಲೆ."

ಡಿಮಾರ್ಕೊ ಎದ್ದ. ಬಾಗಿಲಲ್ಲಿ ನಿಂತು ಮಾತಾಡಿದ. ಅಲ್ಲಿ ಅವನ ಕೈಗೆ ಉಪ್ಪಿನಕಾಯಿಯ ಬಾಟಲಿ ಬಂತು. ಎಲ್ಲವೂ ಮನವರಿಕೆಯಾಯಿತೆಂದು ಒಪ್ಪಿಕೊಂಡು ವಿಮಾನ ಹತ್ತಿದ.

ಇತ್ತ ನಾನೂ ಮೈರನ್ನೂ ಸುಮ್ಮನೆ ಕೂರಲಿಲ್ಲ. ಮತ್ತೊಮ್ಮೆ ಕರೆ ಬಂದರೆ ಎಡವಟ್ಟಾಗಬಾರದೆಂದು ಬರ್ನೀಸ್‌ಗೆ ಹೂಂ ಅನ್ನುವ ತರಬೇತಿ ಕೊಟ್ಟೆವು. ದಿನವೂ ಕೌಂಟರಿನ ಆ ಬದಿಗೆ ಅವಳು, ಈ ಬದಿಗೆ ನಾನು.

"ಕಾಫಿ ಬೇಕಾ ಬರ್ನೀಸ್?"

"ಬೇ..."

"ಊಹೂಂ. ಹೂಂ ಅನ್ನಿ."

"ಆಗಲ್ಲ ಕಣೆ ಡಾರ್ಲೀನ್. ಬೀದೀಲಿ ಬಟ್ಟೆ ಬಿಚ್ಚಿ ನಿಂತ ಹಾಗಾಗುತ್ತೆ."

"ಆರ್ಲಿಸ್‌ನ ನೋಡ್ಬೇಕೋ ಬೇಡ್ವೋ?"

ಅವಳು ಕಣ್ಣು ಮುಚ್ಚಿಕೊಂಡು ಹೂಂ ಅಂದಳು. ಕಿವಿಯವರೆಗೆ ಕೆಂಪಾದಳು. ಮನೆಯಲ್ಲಿ ಪಾತ್ರೆ ತೊಳೆಯುವಾಗ, ಬೆಕ್ಕಿಗೆ ಹಾಲು ಹಾಕುವಾಗ ಅಭ್ಯಾಸ ಮಾಡಿದಳು. ಜನವರಿ ಮುಗಿಯುವ ಹೊತ್ತಿಗೆ ಬರ್ನೀಸ್ ಮಾತು ಮುಗಿಯುವ ಮುಂಚೆಯೇ ಹೂಂ ಅನ್ನುವಷ್ಟು ಪಳಗಿದ್ದಳು. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅದೇ ಹೊತ್ತಿಗೆ ಡಿಮಾರ್ಕೊನ ವರದಿಯ ಆಧಾರದ ಮೇಲೆ ಪ್ರಧಾನ ಕಚೇರಿ ಒಂದು ಸುತ್ತೋಲೆ ಹೊರಡಿಸಿತ್ತು. ಸುತ್ತೋಲೆ ನಮ್ಮ ಕಡೆ ಬರುವ ಹಾದಿಯಲ್ಲಿ ಹಿಮಕ್ಕೆ ಸಿಕ್ಕಿಹಾಕಿಕೊಂಡಿತು. ಫೋನು ಸಿಕ್ಕಿಹಾಕಿಕೊಳ್ಳಲಿಲ್ಲ.

"ಮೇಡಂ, ಕಾರ್ಡು ಬೇ..."

"ಹೂಂ," ಅಂದಳು ಬರ್ನೀಸ್.

"ಮಾತಾಡ್ತಿರೋದು ಬರ್ನೀಸ್ ಟಾಲೆಫ್ಸನ್ನರೇನಾ?"

"ಹೂಂ."

"ಖಂಡಿತವಾಗ್ಲೂ?"

"ಹೂಂ."

ಮರುದಿನ ರಸ್ತೆ ತೆರವಾಗಿ ಸುತ್ತೋಲೆ ತಲುಪಿತು. ಅದರ ಸಾರಾಂಶ:

"ಹಾಲ್ವರ್ ಲೇಕ್ ಶಾಖೆಯ ಸಮಸ್ತ ಹಾಲಿ ಮತ್ತು ಮಾಜಿ ಗ್ರಾಹಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಸದರಿ ಊರಿನವರನ್ನು ಯಾವುದೇ ವಿಷಯಕ್ಕೆ ಮೂರು ಸಲ ಕೇಳತಕ್ಕದ್ದು. ಮೊದಲನೆಯ ಮತ್ತು ಎರಡನೆಯ ಬೇಡಗಳನ್ನು ಬೇಡವೆಂದು ಪರಿಗಣಿಸತಕ್ಕದ್ದಲ್ಲ. ಮೊದಲನೆಯ ಸಲಕ್ಕೇ ಹೂಂ ಎನ್ನುವವರು ಸದರಿ ಊರಿನವರಾಗಿರುವುದು ಅಸಂಭವವಾದ್ದರಿಂದ, ಅನ್ಯರ ಹೆಸರಿನಲ್ಲಿ ವಂಚಿಸುತ್ತಿರುವರೆಂದು ಭಾವಿಸಿ ಅರ್ಜಿಯನ್ನು ತಿರಸ್ಕರಿಸತಕ್ಕದ್ದು."

ಅದರ ಬೆನ್ನಿಗೇ ಬರ್ನೀಸ್‌ಗೆ ಪತ್ರ: "ತಾವು ಬರ್ನೀಸ್ ಟಾಲೆಫ್ಸನ್ ಅಲ್ಲವಾದ್ದರಿಂದ, ಬರ್ನೀಸ್ ಟಾಲೆಫ್ಸನ್ ಅವರ ಹಿತರಕ್ಷಣೆಗಾಗಿ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಊರು ಬ್ಯಾಂಕಿನ ಪರ ನಿಂತಿತು. "ಮೊದಲ್ನೇ ಸಲಕ್ಕೇ ಹೂಂ ಅಂದ್ಲಂತೆ," ಎಂದು ಕಿರಾಣಿ ಅಂಗಡಿಯಲ್ಲಿ ಪಿಸುಗುಟ್ಟಿದರು. "ಬ್ಯಾಂಕಿನವರು ತಾನೇ ಏನು ಮಾಡ್ತಾರೆ." ಬರ್ನೀಸ್ ಕೂಡ ಹಾಗೇ ಅಂದಳು. ಬ್ಯಾಂಕಿಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಲು ಕೇಕು ಹಿಡಿದುಕೊಂಡು ಬಂದು ನನ್ನೆದುರು ಕೂತಳು.

"ಅವರ ತಪ್ಪೇನೂ ಇಲ್ಲ ಕಣೆ. ಆ ಹೂಂ ಕೇಳಿದ್ರೆ ನಾನೂ ನಂಬ್ತಿರ್ಲಿಲ್ಲ." ಕೇಕಿನ ಡಬ್ಬಿಯ ಮುಚ್ಚಳ ಸರಿಮಾಡುತ್ತಾ, "ಆರ್ಲಿಸ್‌ನ ಇನ್ನು ನೋಡೋ ಹಾಗಿಲ್ಲ ಅಂತ ಕಾಣುತ್ತೆ," ಅಂದಳು.

ಹೂಂ ಕಲಿಸಿದವಳು ನಾನೇ ತಾನೆ. ಕಾಫಿ ಬೇಕಾ ಎಂದು ಕೇಳಿದೆ. ಬೇಡ ಅಂದಳು.

ಆಗ ಫೋನು ಬಂತು. ಆರ್ಲಿಸ್. ಊರು ಬಿಟ್ಟರೂ ಆಕೆ ನಮ್ಮ ಶಾಖೆಯ ಖಾತೆ ಮುಚ್ಚಿರಲಿಲ್ಲ; ಮುಚ್ಚಿದರೆ ನಮಗೆ ಬೇಜಾರಾಗುತ್ತದೆಂದು. ಹಾಗಾಗಿ ಸುತ್ತೋಲೆ ಆಕೆಗೂ ಹೋಗಿತ್ತು.

"ಏನೇ ಇದು ಡಾರ್ಲೀನ್, ಬ್ಯಾಂಕಿಗೆ ತಲೆ ಕೆಟ್ಟಿದ್ಯಾ?" ಎಂದು ಓದತೊಡಗಿದಳು. "ಮೂರು ಸಲ ಕೇಳತಕ್ಕದ್ದು. ಮೊದಲನೆಯ ಮತ್ತು ಎರಡನೆಯ ಬೇಡಗಳನ್ನು..." ಅಲ್ಲಿಗೆ ಓದು ನಿಂತಿತು. ದನಿ ತಗ್ಗಿಸಿ ಕೇಳಿದಳು: "ಡಾರ್ಲೀನ್, ನಾನು ಬರ್ನೀಸ್‌ನ ಎಷ್ಟು ಸಲ ಕರ್ದೆ?"

"ನಿಮ್ಮ ಮನೆ ವಿಷಯ ನಂಗೇನು ಗೊತ್ತು," ಅಂದೆ. "ಎರಡು."

ಫೋನನ್ನು ಬರ್ನೀಸ್ ಕೈಗೆ ಕೊಟ್ಟೆ. ಆರ್ಲಿಸ್‌ಗೆ ಕಿವಿ ಮಂದ, ಹಾಗಾಗಿ ಗಂಟಲು ದೊಡ್ಡದು. ಎಲ್ಲವೂ ನನಗೆ ಕೇಳಿಸುತ್ತಿತ್ತು.

"ಬರ್ನೀಸ್, ನಮ್ಮನೇಲೇ ಬಂದು ಇರ್ತೀ..."

"ಹೂಂ."

"ಯಾಕಂದ್ರೆ ಹುಟ್ಟುಹಬ್ಬಕ್ಕೆ ನೀನಿಲ್ದೆ..."

"ಹೂಂ ಅಂದೆನಲ್ಲ."

ಆರ್ಲಿಸ್ ಬಿಗಿಯಾದ ದನಿಯಲ್ಲಿ, "ಯಾರ್ರೀ ನೀವು? ಫೋನು ನನ್ನ ತಂಗಿಗೆ ಕೊಡಿ," ಅಂದಳು.

ಬರ್ನೀಸ್ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ, "ಬೇಡ ಬಿಡೆ, ನಿಂಗ್ಯಾಕೆ ಸುಮ್ನೆ ತೊಂದ್ರೆ," ಅಂದಳು.

"ಹಾಂ, ಈಗ ನೀನೇ," ಅಂದಳು ಆರ್ಲಿಸ್. "ಯಾವ ಬಸ್ಸಿಗೆ ಬರ್ತೀಯ?"

ಬರ್ನೀಸ್ ಹೋದಳು. ಇಡೀ ಫೆಬ್ರವರಿ ಅಕ್ಕನ ಮನೆಯಲ್ಲೇ ಇದ್ದಳು. ಹೊರಡುತ್ತೇನೆ ಎಂದಾಗಲೆಲ್ಲ ಆರ್ಲಿಸ್ ಮೂರು ಸಲ ತಡೆದಳಂತೆ. ಆಕೆಗೆ ಎಲ್ಲ ಮರಳಿ ನೆನಪಾಗಿದೆ.

ಇನ್ನು ಕಾರ್ಡಿನ ವಿಷಯ. ಪ್ರಧಾನ ಕಚೇರಿಯ ನಿಯಮಾವಳಿ ವಿಭಾಗ ಕಡತವನ್ನು ಮರುಪರಿಶೀಲಿಸಿದಾಗ, ಬ್ಯಾಂಕು ಶ್ರೀಮತಿ ಟಾಲೆಫ್ಸನ್ ಅವರಿಗೆ ಇದುವರೆಗೆ ಎರಡೇ ಸಲ ಬೇಡವೆಂದಿರುವುದು ಕಂಡುಬಂದಿದೆ. ಮೊದಲ ಎರಡು ಬೇಡಗಳನ್ನು ಬೇಡವೆಂದು ಪರಿಗಣಿಸುವಂತಿಲ್ಲವಾದ್ದರಿಂದ ಅವರ ಅರ್ಜಿ ತಿರಸ್ಕೃತವಾಗಿಯೇ ಇಲ್ಲ. ಕ್ರಮಬದ್ಧವಾಗಿ ತಿರಸ್ಕರಿಸಲು ಅನುವಾಗುವಂತೆ ಅವರು ಇನ್ನೊಮ್ಮೆ ಅರ್ಜಿ ಸಲ್ಲಿಸಬೇಕೆಂದು ಕೋರಲಾಗಿದೆ. ಇದು ನ್ಯಾಯವೇ ಎಂದು ಮೈರನ್ ಒಪ್ಪಿದ್ದಾನೆ, ಊರೂ ಒಪ್ಪಿದೆ. ಅರ್ಜಿ ಹಾಕುತ್ತೀರಾ ಎಂದು ನಾನು ಬರ್ನೀಸ್‌ಳನ್ನು ಎರಡು ಸಲ ಕೇಳಿದ್ದೇನೆ, ಬೇಡ ಅಂದಿದ್ದಾಳೆ. ಗುರುವಾರ ಕೇಕು ಕೊಡಲು ಬರುತ್ತಾಳೆ, ಆಗ ಇನ್ನೊಂದು ಸಲ ಕೇಳುತ್ತೇನೆ.